ಹಳೆಯ ಪೋರ್ಷೆ ಕೊಳ್ಳುವವರೇ, ಎಂಜಿನ್ ಸಂಖ್ಯೆ ತಾಳೆಯಾದರೆ ಸಾಲದು

ಜರ್ಮನಿಯಲ್ಲಿ ನೆಲೆಸಿರುವ ನಮ್ಮವರು ಸೇರಿದಲ್ಲೆಲ್ಲ ಈಗ ಹಳೆಯ ಪೋರ್ಷೆ 911ರ ಮಾತು ಬಂದೇ ಬರುತ್ತದೆ. ಬ್ಯಾಂಕಿನಲ್ಲಿಟ್ಟ ಹಣ ಬೆಳೆಯುವುದಿಲ್ಲ, ಈ ಕಾರಿನ ಬೆಲೆ ಏರುತ್ತಲೇ ಇರುತ್ತದೆ, ಮೇಲಾಗಿ ಭಾನುವಾರ ಓಡಿಸಿ ಸಂತೋಷವನ್ನೂ ಪಡಬಹುದು ಎನ್ನುತ್ತಾರೆ. ನನ್ನ ಅಕ್ಕನ ಗಂಡ, ನಮ್ಮ ಭಾವ, ಹೀಗೆ ಲೆಕ್ಕ ಹಾಕಿಯೇ ಸ್ಟುಟ್‌ಗಾರ್ಟ್ ಬಳಿಯ ವ್ಯಾಪಾರಿಯೊಬ್ಬನಿಂದ 1986ರ ಕರೇರಾ 3.2 ಎಂಬ 911 ಮಾದರಿಯನ್ನು ಕೊಂಡರು. ಅದರೊಳಗಿದ್ದದ್ದು ಬೇರೊಂದು ಕಾರಿನ ಎಂಜಿನ್. ಅದರ ಮೇಲಿದ್ದ ಸಂಖ್ಯೆಯನ್ನು ಉಜ್ಜಿ ಅಳಿಸಿ, ಈ ಕಾರಿನ ಮೂಲ ಎಂಜಿನ್ನಿನ ಸಂಖ್ಯೆಯನ್ನು ಒತ್ತಿದ್ದರು. ಕೊನೆಗೆ ರಾಜಿಯಾಯಿತು, ಹಣದಲ್ಲಿ ಒಂದು ಪಾಲು ವಾಪಸು ಬಂತು. ವ್ಯಾಪಾರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನೊಬ್ಬನಿಂದ ದೂರವಿದ್ದರೆ ಮುಗಿಯುವ ವಿಷಯವೂ ಇದಲ್ಲ. ಅವನು ಬಳಸಿದಂಥ ಕರಾರುಪತ್ರವನ್ನು ಆಮೇಲೆ ಬೇರೆಯವರ ಕೈಯಲ್ಲೂ ನೋಡಿದ್ದೇನೆ.

ಬೆಲೆ ಏರಿರುವುದು ಸುಳ್ಳಲ್ಲ. 911 ಮೊದಲು ಕಾಣಿಸಿಕೊಂಡದ್ದು 1963ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ. ಅಲ್ಲಿಂದ 1998ರವರೆಗೆ ಅದರ ಎಂಜಿನ್ನನ್ನು ಗಾಳಿಯೇ ತಣಿಸುತ್ತಿತ್ತು. ಆಮೇಲಿನ ಮಾದರಿಗಳಿಗೆ ನೀರು ಬಂತು, ಹಿಂದಿನ ಎಂಜಿನ್ನಿನ ಆ ಒರಟು ಸದ್ದು ನಿಂತುಹೋಯಿತು. ಹಳೆಯವು ಇರುವಷ್ಟೇ, ಹೊಸದಾಗಿ ಬರುವುದಿಲ್ಲ ಎಂದಾದ ಮೇಲೆ ಅವುಗಳಿಗೆ ಸಂಗ್ರಹಕಾರರು ಹುಟ್ಟಿಕೊಂಡರು. 2008ರ ಆರ್ಥಿಕ ಕುಸಿತದ ನಂತರ ಬಡ್ಡಿ ದರ ನೆಲಕಚ್ಚಿದಾಗ ದೊಡ್ಡ ಹಣವೂ ಇತ್ತ ಹರಿಯಿತು. 25 ವರ್ಷ ದಾಟಿದ ಕಾರಿಗೆ ಅಮೆರಿಕದ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇರುವುದರಿಂದ ಯುರೋಪಿನಲ್ಲಷ್ಟೇ ಮಾರಾಟವಾಗಿದ್ದ ಮಾದರಿಗಳಿಗೂ ಅಲ್ಲಿನ ಗಿರಾಕಿಗಳು ಸಿಕ್ಕರು. ಜರ್ಮನಿಯಲ್ಲಿ 30 ವರ್ಷ ತುಂಬಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ‘ಹೆಚ್’ ನಂಬರ್ ಪ್ಲೇಟ್ ಸಿಗುತ್ತದೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ಅದಕ್ಕೆ ವರ್ಷದ ತೆರಿಗೆ 191.73 ಯೂರೊ ಮಾತ್ರ. ಇಷ್ಟು ಸಾಲದೆಂಬಂತೆ 2022ರ ಮೇ ತಿಂಗಳಲ್ಲಿ 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆ 13.5 ಕೋಟಿ ಯೂರೊಗೆ ಹರಾಜಾಯಿತು. ಪ್ರಪಂಚದಲ್ಲಿ ಎರಡೇ ಇರುವ ಕಾರಿನ ಬೆಲೆಗೂ ನಾವು ನೀವು ಕೊಳ್ಳುವ ಕಾರಿಗೂ ಸಂಬಂಧವಿಲ್ಲ. ಆದರೂ ಆ ಸುದ್ದಿಯನ್ನು ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ ವ್ಯಾಪಾರಿಗಳಿದ್ದಾರೆ. ನಮ್ಮವನೂ ಹಾಕಿದ್ದ.

ದುಬಾರಿ ಪೋರ್ಷೆಗಳ ನಕಲು ಹಳೆಯ ಕಸುಬು. 1972ರ ಕೊನೆಯಲ್ಲಿ ಬಂದ ಕರೇರಾ ಆರ್‌ಎಸ್ 2.7 ತಯಾರಾದದ್ದು ಸುಮಾರು 1,580 ಮಾತ್ರ. ಸಾಧಾರಣ 911ಕ್ಕೆ ಬಾತುಕೋಳಿ ಬಾಲದಂಥ ಆ ಹಿಂಬದಿ ರೆಕ್ಕೆ ಕೂರಿಸಿ ಆರ್‌ಎಸ್ ಎಂದು ಮಾರಿದ ಪ್ರಕರಣಗಳು ಎಷ್ಟೋ. ಅದು ಶ್ರೀಮಂತರ ತಲೆನೋವು ಎಂದು ಎಲ್ಲರೂ ಸುಮ್ಮನಿದ್ದರು. ಆದರೆ ಇಪ್ಪತ್ತು ವರ್ಷದ ಹಿಂದೆ ಇಪ್ಪತ್ತು, ಇಪ್ಪತ್ತೈದು ಸಾವಿರ ಯೂರೊಗೆ ಸಿಗುತ್ತಿದ್ದ ಕರೇರಾ 3.2 ಈಗ ಎಪ್ಪತ್ತು, ಎಂಬತ್ತು ಸಾವಿರ ಮುಟ್ಟಿದೆ. ಅದರಲ್ಲಿ ಎಂಜಿನ್ ಮೂಲದ್ದೇ ಎಂದಾದರೆ ಒಂದು ಬೆಲೆ, ಬದಲಾಗಿದೆ ಎಂದಾದರೆ ಬೇರೆಯೇ ಬೆಲೆ. ಆ ವ್ಯತ್ಯಾಸವೇ ಈಗ ಹತ್ತು, ಇಪ್ಪತ್ತು ಸಾವಿರಕ್ಕೆ ಹೋಗಿರುವುದರಿಂದ ಸಾಧಾರಣ ಕಾರಿನ ಮೇಲೂ ಉಳಿ ಸುತ್ತಿಗೆ ಹಿಡಿದು ಕೂರುವುದು ಲಾಭದ ಕೆಲಸವಾಗಿದೆ. ಸಂಬಳದಲ್ಲಿ ಉಳಿಸಿ ಕೊಳ್ಳುವವರನ್ನು ಈ ಮೋಸ ಈಗ ತಲುಪಿದೆ ಎನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿರುವುದು.

ಭಾವ ಅವಸರದಲ್ಲಿ ಕೊಂಡವರಲ್ಲ. ಜಾಹೀರಾತಿನಲ್ಲಿ ‘ಜರ್ಮನಿಯಲ್ಲೇ ಹೊಸದಾಗಿ ಮಾರಾಟವಾದ ಕಾರು, ಮೂಲ ಎಂಜಿನ್, 231 ಅಶ್ವಶಕ್ತಿ’ ಎಂದಿತ್ತು. ನಾನು ವಾಹನ ಬಿಡಿಭಾಗಗಳ ಕ್ಷೇತ್ರದಲ್ಲೇ ಕೆಲಸ ಮಾಡುವವನು, ಜೊತೆಗೆ ಹೋಗಿದ್ದೆ. ಮುಂಭಾಗದ ಡಿಕ್ಕಿಯ ಕಾರ್ಪೆಟ್ ಎತ್ತಿ ಚಾಸಿಸ್ ಸಂಖ್ಯೆ ನೋಡಿದೆವು, ದಾಖಲೆಗೆ ಸರಿಹೊಂದಿತು. ಎಂಜಿನ್ನಿನ ಫ್ಯಾನ್ ಪಕ್ಕ ಟಾರ್ಚ್ ಬಿಟ್ಟು ಸಂಖ್ಯೆ ಓದಿದೆವು, ಕಾರ್ಖಾನೆಯ ವಿವರ ಪತ್ರದಲ್ಲಿದ್ದ ಸಂಖ್ಯೆಯೇ ಅದು. ಮೌಲ್ಯಮಾಪನ ವರದಿಯಲ್ಲಿ ಸ್ಥಿತಿ ದರ್ಜೆ 2 ಎಂದಿತ್ತು. ಒಂದರಿಂದ ಐದರವರೆಗಿನ ಜರ್ಮನ್ ಅಳತೆಯಲ್ಲಿ ಅದು ಒಳ್ಳೆಯ ದರ್ಜೆ. ಟ್ಯೂವ್, ಅಂದರೆ ಇಲ್ಲಿನ ಕಡ್ಡಾಯ ವಾಹನ ಸುರಕ್ಷತಾ ತಪಾಸಣೆಯೂ ಹೊಸದಾಗಿತ್ತು. ಇನ್ನೇನು ಬೇಕು?

ಕೆಲವು ತಿಂಗಳಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ ಶುರುವಾಯಿತು, ಎಣ್ಣೆ ಕುಡಿಯುವುದು ಹೆಚ್ಚಾಯಿತು. 3.2ರಲ್ಲಿ ವಾಲ್ವ್ ಗೈಡ್ ಸವೆಯುವುದು ಎಲ್ಲರಿಗೂ ಗೊತ್ತಿರುವ ಸಮಸ್ಯೆ, ಗಾಬರಿಯಾಗಲಿಲ್ಲ. ಗಾಳಿ ತಣಿಸುವ ಎಂಜಿನ್‌ಗಳಲ್ಲೇ ಕೂದಲು ನರೆಸಿಕೊಂಡ ಮೆಕ್ಯಾನಿಕ್ ಒಬ್ಬರ ಬಳಿ ಒಯ್ದೆವು. ಅವರು ಎಂಜಿನ್ ಇಳಿಸಿ ಸ್ಟ್ಯಾಂಡಿಗೆ ಏರಿಸಿದರು. ಸಂಖ್ಯೆ ಇರುವ ಜಾಗವನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ದೀಪವನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಟ್ಟರು. ಕಾರಿನಲ್ಲಿದ್ದಾಗ ಕಾಣದೇ ಇದ್ದದ್ದು ಆಗ ಎದ್ದು ಕಂಡಿತು. ಅಂಕಿಗಳ ಸುತ್ತ ಅಂಗೈ ಅಗಲದಷ್ಟು ಜಾಗದಲ್ಲಿ ಅಲ್ಯೂಮಿನಿಯಂ ಮೇಲೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಸಣ್ಣ ಗೀರುಗಳು. ಅದರಾಚೆಗೆ ಲೋಹ ಮೂಲದ ಹಾಗೆಯೇ ತರಿತರಿಯಾಗಿ, ಹಳೆಯ ಎಣ್ಣೆಯ ಕಂದು ಬಣ್ಣ ಹೀರಿಕೊಂಡಿತ್ತು. ಅಂಕಿಗಳ ಆಳವೂ ಒಂದೇ ಸಮನಿರಲಿಲ್ಲ, ಒಂದು ಮೂರು ಸ್ವಲ್ಪ ಎಡಕ್ಕೆ ವಾಲಿತ್ತು. ಮೆಕ್ಯಾನಿಕ್ ಮಾತಾಡದೆ ಸಿಲಿಂಡರ್ ಹೆಡ್ ಬಿಚ್ಚಿದರು. ಪಿಸ್ಟನ್ನಿನ ತಲೆಯ ಉಬ್ಬು ಇರಬೇಕಾದುದಕ್ಕಿಂತ ತಗ್ಗಾಗಿತ್ತು.

ಆ ಉಬ್ಬಿನಲ್ಲೇ ಎಲ್ಲ ಇದೆ. ಸಿಲಿಂಡರಿನೊಳಗೆ ಗಾಳಿ, ಪೆಟ್ರೋಲಿನ ಮಿಶ್ರಣ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬುದೇ ಸಂಪೀಡನ ಅನುಪಾತ, ಉಬ್ಬು ತಗ್ಗಿದ್ದರೆ ಅದೂ ಕಡಿಮೆ. ಯುರೋಪಿಗೆ ತಯಾರಾದ ಕರೇರಾ 3.2ರ ಎಂಜಿನ್ನಿನ ಸಂಪೀಡನ ಅನುಪಾತ 10.3ಕ್ಕೆ 1, ಶಕ್ತಿ 231 ಅಶ್ವಶಕ್ತಿ. ಅಮೆರಿಕಕ್ಕೆ ಹೋದವು ಅಲ್ಲಿನ ಪೆಟ್ರೋಲು, ಹೊಗೆ ನಿಯಮಗಳಿಗಾಗಿ 9.5ಕ್ಕೆ 1 ಆಗಿದ್ದವು, ಆ ವರ್ಷಗಳಲ್ಲಿ ಶಕ್ತಿ 207. ನಮ್ಮ ಕಾರಿನ ಮೈ ಜರ್ಮನಿಯದು, ಹೃದಯ ಅಮೆರಿಕದಿಂದ ಬಂದದ್ದು. ಅಲ್ಲಿ ಅಪಘಾತವಾಗಿಯೋ ತುಕ್ಕು ಹಿಡಿದೋ ಮೂಲೆ ಸೇರಿದ ಕಾರಿನ ಎಂಜಿನ್ನಿಗೆ ಇಲ್ಲಿ ಸುಳ್ಳು ಹೆಸರಿಟ್ಟು ಕೂರಿಸಿದ್ದರು.

ಈಗ ಆ ಕಾಗದಗಳನ್ನೇ ಒಂದೊಂದಾಗಿ ನೋಡಿ. ಟ್ಯೂವ್ ತಪಾಸಣೆ ರಸ್ತೆಯಲ್ಲಿ ಓಡಲು ಕಾರು ಸುರಕ್ಷಿತವೇ ಎಂದು ನೋಡುತ್ತದೆ, ಎಂಜಿನ್ನಿನ ಹುಟ್ಟಿನ ಗೊಡವೆ ಅದಕ್ಕಿಲ್ಲ. ದರ್ಜೆ 2 ಎಂದಿದ್ದ ವರದಿ ಸಂಕ್ಷಿಪ್ತ ಮೌಲ್ಯಮಾಪನ. ವಿಮೆಗಾಗಿ ಮಾಡಿಸುವ ಆ ವರದಿಗೆ ಕಾರನ್ನು ಹೊರಗಿನಿಂದ ನೋಡಿ ಚಿತ್ರ ತೆಗೆದರೆ ಸಾಕು. ಮಾಡಿಸಿದವನು ಮಾರುವವನೇ. ಕಾರ್ಖಾನೆಯ ವಿವರ ಪತ್ರ ನಿಜವಾದದ್ದೇ, ಅದರಲ್ಲಿದ್ದ ಸಂಖ್ಯೆಯನ್ನು ನೋಡಿಕೊಂಡೇ ಒತ್ತಿದ್ದರು. ಮೂರು ಕಾಗದಗಳೂ ಸಾಚಾ, ಕಾರು ಮಾತ್ರ ಸುಳ್ಳು. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆದ್ದರಿಂದ ಕೊಳ್ಳುವ ಮೊದಲು, ಮಾರುವವನ ಪರಿಚಯವೇ ಇಲ್ಲದ ಮೆಕ್ಯಾನಿಕ್ ಒಬ್ಬರಿಂದ ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸಲೇಬೇಕು. ಸ್ಪಾರ್ಕ್ ಪ್ಲಗ್ ತೆಗೆದ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದರೆ ಎಂಜಿನ್ ಬಿಚ್ಚದೆಯೇ ಪಿಸ್ಟನ್ ತಲೆ ಕಾಣುತ್ತದೆ. ಸಂಪೀಡನ ಪರೀಕ್ಷೆ, ಸೋರಿಕೆ ಪರೀಕ್ಷೆ ಎರಡನ್ನೂ ಅದೇ ಹೊತ್ತಿಗೆ ಮಾಡಿಸಬಹುದು. ಸಂಖ್ಯೆ ಏನೆಂದು ಓದುವುದರ ಜೊತೆಗೆ ಅದರ ಸುತ್ತಲಿನ ಲೋಹ ಹೇಗಿದೆ ಎಂದು ಓರೆ ಬೆಳಕಿನಲ್ಲಿ ನೋಡಿ, ಚಿತ್ರ ತೆಗೆದು ಅದೇ ವರ್ಷದ ಬೇರೆ ಕಾರಿನ ಸಂಖ್ಯೆಯ ಪಕ್ಕ ಇಟ್ಟು ಹೋಲಿಸಿ. 1981ರಿಂದೀಚಿನ ಕಾರಾದರೆ 17 ಅಕ್ಷರಾಂಕಗಳ ಚಾಸಿಸ್ ಸಂಖ್ಯೆ ಇರುತ್ತದೆ. ಯುರೋಪಿನ 911ರಲ್ಲಿ ಆರಂಭದ ‘ಡಬ್ಲ್ಯೂಪಿ0’ ಆದಮೇಲೆ ಮೂರು ‘ಝಡ್’ ಸಾಲಾಗಿ ಬರುತ್ತವೆ. ಅಲ್ಲಿ ಬೇರೆ ಅಕ್ಷರಗಳಿದ್ದರೆ ಕಾರು ಅಮೆರಿಕಕ್ಕೆ ತಯಾರಾದದ್ದು, ಮಾರುವವನು ಏನೇ ಹೇಳಲಿ. ಬಣ್ಣದ ದಪ್ಪ ಅಳೆಯುವ ಯಂತ್ರವನ್ನು ಬಾಗಿಲ ಕೆಳಗಿನ ಅಂಚು, ಹೆಡ್‌ಲೈಟಿನ ಸುತ್ತ, ಮುಂದಿನ ಹಿಂದಿನ ಗಾಜಿನ ಚೌಕಟ್ಟು ಎಲ್ಲಕ್ಕೂ ಹಿಡಿಯಿರಿ. 1976ರ ಮಾದರಿಯಿಂದ ಪೋರ್ಷೆ ಸತು ಲೇಪಿಸಿದ ಉಕ್ಕನ್ನು ಬಳಸಿದ್ದು ನಿಜ, ಆದರೆ ಬೆಸುಗೆ ಹಾಕಿ ರಿಪೇರಿ ಮಾಡಿದ ಕಡೆ ಆ ಲೇಪನ ಸುಟ್ಟುಹೋಗಿರುತ್ತದೆ.

ಇದಕ್ಕಿಂತ ದೊಡ್ಡ ಬಲೆ ಕರಾರುಪತ್ರದಲ್ಲಿತ್ತು. ಕಾರು ತೋರಿಸಿದವನು ವ್ಯಾಪಾರಿ, ಬೆಲೆ ಮಾತಾಡಿದವನು ವ್ಯಾಪಾರಿ, ಕಾದಿರಿಸಲು ಮುಂಗಡ ಪಡೆದವನೂ ಅವನೇ. ಸಹಿ ಹಾಕುವ ದಿನ ಮುಂದಿಟ್ಟ ಕಾಗದದಲ್ಲಿ ಮಾರುವವರ ಜಾಗದಲ್ಲಿ ನಾವು ಕೇಳಿಯೇ ಇರದ ಒಬ್ಬ ಖಾಸಗಿ ವ್ಯಕ್ತಿಯ ಹೆಸರಿತ್ತು. ಮೇಲೆ ‘ಇಮ್ ಕುಂಡನ್‌ಔಫ್‌ಟ್ರಾಗ್’, ಅಂದರೆ ಗ್ರಾಹಕನ ಪರವಾಗಿ ಮಾರಾಟ ಎಂದು ಸಣ್ಣದಾಗಿ ಅಚ್ಚಾಗಿತ್ತು. “ಭಾವ, ಒಂದು ನಿಮಿಷ ತಾಳಿ” ಎಂದೆ. ವ್ಯಾಪಾರಿ ನಕ್ಕು, ಇದು ತೆರಿಗೆಯ ಲೆಕ್ಕಕ್ಕಷ್ಟೇ, ಇವತ್ತು ಬೇಡವೆಂದರೆ ಮುಂಗಡ ವಾಪಸು ಬರುವುದಿಲ್ಲ, ಸಂಜೆ ಇನ್ನೊಬ್ಬರು ಬರುತ್ತಿದ್ದಾರೆ ಎಂದ. ‘ಮೂಲ ಎಂಜಿನ್’ ಎಂದು ಕರಾರಿನಲ್ಲಿ ಬರೆದುಕೊಡಿ ಎಂದು ಪಟ್ಟು ಹಿಡಿದೆವು. ಜಾಹೀರಾತಿನಲ್ಲೇ ಇದೆಯಲ್ಲ ಎಂದು ನುಣುಚಿಕೊಂಡ. ಹಾಗಾದರೆ ಆ ಜಾಹೀರಾತಿನ ಮುದ್ರಿತ ಪ್ರತಿಯನ್ನು ಕರಾರಿಗೆ ಸೇರಿಸಿ ಎಂದು ಭಾವ ಹೇಳಿದರು. ಅವರು ಮೊದಲೇ ಮುದ್ರಿಸಿ ತಂದಿದ್ದರು. ಅವನು ಮುಖ ಗಂಟಿಕ್ಕಿಕೊಂಡೇ ಅದಕ್ಕೆ ಮೊಹರು ಒತ್ತಿದ.

ಈ ಆಟ ಏಕೆ ಎಂದು ತಿಳಿದಿರಲಿ. ಜರ್ಮನ್ ಕಾನೂನಿನಲ್ಲಿ ವ್ಯಾಪಾರಿ ಗ್ರಾಹಕನಿಗೆ ಮಾರಿದ ವಸ್ತುವಿನ ದೋಷಕ್ಕೆ ಎರಡು ವರ್ಷ ಹೊಣೆ, ಬಳಸಿದ ವಸ್ತುವಾದರೆ ಅದನ್ನು ಒಂದು ವರ್ಷಕ್ಕೆ ಇಳಿಸಬಹುದು, ಪೂರ್ತಿ ತೆಗೆದುಹಾಕುವಂತಿಲ್ಲ. 2022ರ ಜನವರಿಯಿಂದ, ಮೊದಲ ವರ್ಷದಲ್ಲಿ ಕಂಡ ದೋಷ ಮಾರುವಾಗ ಇರಲಿಲ್ಲ ಎಂದು ಸಾಬೀತು ಮಾಡುವ ಭಾರವೂ ಅವನದೇ. ಖಾಸಗಿ ವ್ಯಕ್ತಿ ಮಾತ್ರ ಈ ಹೊಣೆಯನ್ನು ಪೂರ್ತಿ ಕಳಚಿಕೊಳ್ಳಬಹುದು. ಅದಕ್ಕೇ ವ್ಯಾಪಾರಿ ಖಾಸಗಿಯವನ ಬೆನ್ನ ಹಿಂದೆ ನಿಲ್ಲುವುದು. ನಾವು ದೂರು ಒಯ್ದಾಗ ‘ನಾನು ಮಧ್ಯವರ್ತಿ, ನನಗೇನೂ ಸಂಬಂಧವಿಲ್ಲ’ ಎಂದು ಎರಡು ಸಾಲಿನ ಉತ್ತರ ಬಂತು.

ನಮ್ಮನ್ನು ಉಳಿಸಿದ್ದು ಎರಡು ಸಂಗತಿಗಳು. ವಕೀಲರು ಆ ಖಾಸಗಿ ವ್ಯಕ್ತಿಗೆ ಪತ್ರ ಬರೆದಾಗ, ಕಾರಿನ ಹಣ ನನಗೆ ವ್ಯಾಪಾರಿಯಿಂದ ಯಾವಾಗಲೋ ಬಂದಿದೆ, ಅವನು ಎಷ್ಟಕ್ಕೆ ಮಾರಿದನೋ ನನಗೆ ಗೊತ್ತಿಲ್ಲ ಎಂದು ಅವರು ಮುಗ್ಧವಾಗಿ ಉತ್ತರಿಸಿದರು. ಲಾಭ ನಷ್ಟ ಹೊತ್ತವನು ವ್ಯಾಪಾರಿಯೇ ಆಗಿದ್ದರೆ ಮಧ್ಯವರ್ತಿಯ ವೇಷವನ್ನು ನ್ಯಾಯಾಲಯ ಒಪ್ಪುವುದಿಲ್ಲ, ಅವನನ್ನೇ ಮಾರಾಟಗಾರನೆಂದು ಹಿಡಿಯುತ್ತದೆ. ಎರಡನೆಯದು ಮೊಹರು ಬಿದ್ದ ಆ ಜಾಹೀರಾತು. 1981ರ ಮರ್ಸಿಡಿಸ್ 380 ಎಸ್‌ಎಲ್ ಒಂದರ ಜಾಹೀರಾತಿನಲ್ಲಿ ಎಸಿ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಬರೆದಿದ್ದ ಪ್ರಕರಣದಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2024ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. ಹಾಗೆ ಸ್ಪಷ್ಟವಾಗಿ ಹೇಳಿದ ಗುಣಕ್ಕೆ ಮಾರುವವನು ಬದ್ಧ, ‘ಯಾವ ಹೊಣೆಯೂ ಇಲ್ಲ’ ಎಂಬ ಷರತ್ತು ಅದನ್ನು ಅಳಿಸುವುದಿಲ್ಲ. ಆ ಮಾರಾಟವಾದರೋ ಖಾಸಗಿಯವರ ನಡುವಿನದು! ಇವೆರಡನ್ನೂ ಮುಂದಿಟ್ಟ ಮೇಲೆ ವ್ಯಾಪಾರಿಯ ಕಡೆಯವರು ತಾವಾಗಿ ರಾಜಿಗೆ ಬಂದರು. ಕೊಟ್ಟ ಹಣದ ಒಂದು ಪಾಲು ಬಂತು, ವಕೀಲರ ಖರ್ಚು ಕಳೆದು. ಪೂರ್ತಿ ಬೇಕೆಂದು ವ್ಯಾಜ್ಯ ಮುಂದುವರಿಸುವ ಚೈತನ್ಯ ಅಕ್ಕ ಭಾವನಿಗೆ ಉಳಿದಿರಲಿಲ್ಲ.

ಊರಿನಿಂದ ಹಣ ಕಳುಹಿಸುತ್ತೇವೆ, ಅಲ್ಲಿ ಕೊಂಡಿಡಿ, ಆಮೇಲೆ ಬೆಂಗಳೂರಿಗೆ ತರಿಸೋಣ ಎನ್ನುವವರಿಗೂ ಒಂದು ಮಾತು. ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಎಂಬತ್ತರ ದಶಕದ ಜರ್ಮನ್ 911 ಎರಡಕ್ಕೂ ಹೊರತು. ಯಾರಾದರೂ ತರಿಸಿಕೊಡುತ್ತೇನೆ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಈಗಾಗಲೇ ಕೊಂಡು ಅನುಮಾನದಲ್ಲಿರುವವರು ಎಂಜಿನ್ ರಿಪೇರಿಗೆ ಕೈಹಾಕಬೇಡಿ. ಗೀರುಗಳು ಕಂಡ ಕ್ಷಣ ನಮ್ಮ ಮೆಕ್ಯಾನಿಕ್ ಇನ್ನೊಬ್ಬರನ್ನು ಕರೆದು ಸಾಕ್ಷಿಗೆ ನಿಲ್ಲಿಸಿಕೊಂಡು, ಬಿಚ್ಚಿದ ಒಂದೊಂದು ಭಾಗವನ್ನೂ ದಿನಾಂಕದೊಂದಿಗೆ ಚಿತ್ರ ತೆಗೆದರು, ಪಿಸ್ಟನ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ಮುದ್ರೆ ಹಾಕಿದರು. ನ್ಯಾಯಾಲಯ ಒಪ್ಪುವ ಪ್ರಮಾಣಿತ ತಜ್ಞರಿಂದ ಮೊದಲು ವರದಿ ಮಾಡಿಸಿ. ಆಮೇಲೆ ದೋಷ ಸರಿಪಡಿಸಲು ಗಡುವು ಕೊಟ್ಟು ಮಾರಿದವನಿಗೂ, ಕರಾರಿನಲ್ಲಿ ಹೆಸರಿದ್ದವನಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿ. ಫೋನಿನಲ್ಲಿ ಯಾವುದನ್ನೂ ಒಪ್ಪಿಕೊಳ್ಳಬೇಡಿ. ಕರಾರುಪತ್ರ ಓದಿ ಅರ್ಥವಾಗದಿದ್ದರೆ, ಸಹಿ ಹಾಕುವ ಮೊದಲಾದರೂ ಸರಿ, ನಂತರವಾದರೂ ಸರಿ, ನನಗೆ ಬರೆಯಿರಿ, ಜೊತೆಗೆ ಕೂತು ಓದುತ್ತೇನೆ.