ಹಿತ್ತಲಿನ ಪತಂಗಗಳಿಗೆ ನೇರಳಾತೀತ ದೀಪ: ನಾಲ್ಕು ಮಳೆಗಾಲ ಬಳಸಿದ ಮೇಲೆ

ಶಿವಮೊಗ್ಗದ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಿಗೆ ರಾತ್ರಿ ಬರುವ ಪತಂಗಗಳನ್ನು ದಾಖಲಿಸಬೇಕೆಂದು 2021ರ ಜೂನ್‌ನಲ್ಲಿ ಪವರ್ ಬ್ಯಾಂಕ್‌ನಿಂದ ಉರಿಯುವ ನೇರಳಾತೀತ ಎಲ್‌ಇಡಿ ದೀಪವೊಂದನ್ನು ತರಿಸಿಕೊಂಡೆ. ಆರುನೂರು ರೂಪಾಯಿಯ ಆ ದೀಪದ ಡಬ್ಬಿಯ ಮೇಲೆ ಬೆಳಕಿನ ತರಂಗಾಂತರ 365 ನ್ಯಾನೊಮೀಟರ್ ಎಂದು ಅಚ್ಚಾಗಿತ್ತು. ಹೊತ್ತಿಸಿದಾಗ ಮಾತ್ರ ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಗಾಢ ನೇರಳೆ ಬೆಳಕು ಹಿತ್ತಲಿಗೆಲ್ಲ ಹರಡಿತು. ನಿಜವಾದ 365ರ ದೀಪ ನಮ್ಮ ಕಣ್ಣಿಗೆ ಮಂಕಾಗಿ, ಬಿಳಿಚಿದ ನೀಲಿಯಾಗಿ ಕಾಣುತ್ತದೆ; ಕಣ್ಣು ಕುಕ್ಕುವ ನೇರಳೆ ಬಣ್ಣ ಬಂದರೆ ಅದು 395ರ ಆಸುಪಾಸಿನದು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಮಾರಿದವರು ವಾಪಸು ಪಡೆಯಲಿಲ್ಲ. ಮೂರು ತಿಂಗಳ ನಂತರ ಸಾವಿರದ ನಾಲ್ಕುನೂರು ಕೊಟ್ಟು ಬೇರೊಂದನ್ನು ತರಿಸಿದೆ. ಒಂದೇ ವಾರದ ಎರಡು ಮೋಡದ ರಾತ್ರಿಗಳಲ್ಲಿ, ಒಂದೇ ಜಾಗದಲ್ಲಿ, ಏಳರಿಂದ ಹತ್ತರವರೆಗೆ ಒಂದೊಂದನ್ನೇ ಉರಿಸಿ ನೋಡಿದಾಗ ಹಳೆಯದಕ್ಕೆ ಹತ್ತೊಂಬತ್ತು ಪತಂಗಗಳು ಬಂದವು, ಹೊಸದಕ್ಕೆ ಅರವತ್ತೆರಡು. ಎರಡು ರಾತ್ರಿಗಳ ಎಣಿಕೆಯನ್ನು ಪ್ರಯೋಗವೆಂದು ಕರೆಯಲಾಗದು, ಆದರೂ ಮತ್ತೆ ಹಳೆಯ ದೀಪವನ್ನು ಪತಂಗಗಳಿಗಾಗಿ ಹೊತ್ತಿಸುವ ಮನಸ್ಸಾಗಲಿಲ್ಲ. ಈ ವಿಮರ್ಶೆ ಎರಡನೆಯ ದೀಪದ್ದು.

ವ್ಯವಸ್ಥೆ ಸರಳವಾದದ್ದು. ಬಟ್ಟೆ ಒಣಹಾಕುವ ತಂತಿಗೆ ಹಳೆಯ ಬಿಳಿ ಪಂಚೆಯನ್ನು ಇಳಿಬಿಟ್ಟು, ಗಾಳಿಗೆ ಹಾರದಂತೆ ಕೆಳಗಿನ ಅಂಚಿಗೆ ಎರಡು ಕಲ್ಲು ಹೇರಿ, ದೀಪವನ್ನು ಅದರ ಮುಂದೆ ಒಂದು ಗೇಣು ದೂರದಲ್ಲಿ ತೂಗುಹಾಕುತ್ತೇನೆ. ಹತ್ತು ಸಾವಿರ ಎಂಎಎಚ್‌ನ ಪವರ್ ಬ್ಯಾಂಕ್ ಈ ಐದು ವ್ಯಾಟ್‌ನ ದೀಪವನ್ನು ಸುಮಾರು ಆರು ಗಂಟೆ ಉರಿಸುತ್ತದೆ. ಮಳೆಗಾಲದಲ್ಲಿ ಹೇಳದೆ ಕೇಳದೆ ಕರೆಂಟು ಹೋಗುವ ನಮ್ಮ ಕಡೆಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕಿಲ್ಲ. ಎರಡನೆಯ ಮಳೆಗಾಲದಲ್ಲಿ ವೈರು ದೀಪವನ್ನು ಸೇರುವ ಜಾಗಕ್ಕೆ ನೀರಿಳಿದು ತುಕ್ಕು ಹಿಡಿಯಿತು. ಬೆಸುಗೆ ಹಾಕಿಸಿ, ಮೇಲೆ ಎಂ-ಸೀಲ್ ಮೆತ್ತಿದ ಮೇಲೆ ಮತ್ತೆ ತೊಂದರೆ ಕೊಟ್ಟಿಲ್ಲ. ದೀಪವನ್ನು ನೇರವಾಗಿ ದಿಟ್ಟಿಸಿ ನೋಡಬಾರದು. ಕನ್ನಡಕವಿಲ್ಲದೆ ನಾನು ಅದರ ಹತ್ತಿರ ಹೋಗುವುದಿಲ್ಲ. ನೇರಳಾತೀತ ಬೆಳಕಿನಲ್ಲೇ ಫೋಟೊ ತೆಗೆದರೆ ಎಲ್ಲ ಪತಂಗಗಳೂ ನೀಲಿಯಲ್ಲಿ ಅದ್ದಿ ತೆಗೆದಂತೆ ಕಾಣುತ್ತವೆ, ಅದರಲ್ಲೂ ಸೋಪಿನ ಪುಡಿಯಲ್ಲಿ ಒಗೆದ ಪಂಚೆ ತಾನೇ ನೀಲಿಯಾಗಿ ಹೊಳೆಯುವುದರಿಂದ. ಹಾಗಾಗಿ ಬಿಳಿ ಟಾರ್ಚಿನ ಮುಖಕ್ಕೆ ಟ್ರೇಸಿಂಗ್ ಪೇಪರ್ ಸುತ್ತಿ, ಅದರ ಬೆಳಕಿನಲ್ಲಿ ಮೊಬೈಲಿನಿಂದಲೇ ಫೋಟೊ ತೆಗೆಯುತ್ತೇನೆ.

ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪೆಂದರೆ ದೀಪವನ್ನು ಆರಿಸದೆ, ಪಂಚೆಯನ್ನೂ ಬೆಳಗಿನವರೆಗೆ ಹಾಗೇ ಬಿಟ್ಟದ್ದು. ಆರು ಗಂಟೆಗೆ ಎದ್ದು ಹೋದಾಗ ತಂತಿಯ ಮೇಲೆ ಎರಡು ಕಾಜಾಣಗಳು ಕುಳಿತು, ಪಂಚೆಗೆ ಅಂಟಿಕೊಂಡಿದ್ದ ಪತಂಗಗಳನ್ನು ಒಂದೊಂದಾಗಿ ಕಿತ್ತು ತಿನ್ನುತ್ತಿದ್ದವು. ಕೆಳಗೆ ಬಿದ್ದದ್ದನ್ನು ಮಡಿವಾಳ ಹಕ್ಕಿ ಆರಿಸುತ್ತಿತ್ತು. ಹುಲ್ಲಿನ ಮೇಲೆ ಉಳಿದದ್ದು ಬರೀ ರೆಕ್ಕೆಗಳು, ಅವುಗಳಲ್ಲಿ ತಿಳಿಹಸಿರಿನ ಉದ್ದ ಬಾಲದ ಒಂದು ಚಂದ್ರ ಪತಂಗದ್ದೂ ಇತ್ತು. ಪ್ರೌಢಾವಸ್ಥೆಯಲ್ಲಿ ಏನನ್ನೂ ತಿನ್ನದೆ, ಸಂತಾನಕ್ಕಾಗಿಯೇ ವಾರದಷ್ಟು ದಿನ ಬದುಕುವ ಜೀವಿಯದು. ಅದರ ಒಂದು ಪೂರ್ತಿ ರಾತ್ರಿಯನ್ನು ನನ್ನ ಪಂಚೆ ಕಿತ್ತುಕೊಂಡಿತ್ತು. ಕೀಟಗಳು ಬೆಳಕಿಗೆ ಆಸೆಪಟ್ಟು ಬರುವುದಿಲ್ಲ, ಹಾರುವಾಗ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುವ ಸಹಜ ಗುಣದಿಂದಾಗಿ ದೀಪದ ಸುತ್ತ ಸಿಕ್ಕಿಬೀಳುತ್ತವೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಈಗ ತಿಂಗಳಿಗೆ ಎರಡೇ ರಾತ್ರಿ, ಆದಷ್ಟೂ ಅಮಾವಾಸ್ಯೆಯ ಹಿಂದುಮುಂದು, ಹತ್ತು ಗಂಟೆಯವರೆಗೆ ಮಾತ್ರ ದೀಪ ಹಚ್ಚುತ್ತೇನೆ. ಆರಿಸಿದ ಮೇಲೆ ಪಂಚೆಯನ್ನು ಮೆಲ್ಲನೆ ಕೊಡವಿ, ಕುಳಿತವನ್ನು ಪೊದೆಗಳ ಬುಡಕ್ಕೆ ಬಿಡುತ್ತೇನೆ.

ನಂದಿಬಟ್ಟಲಿನ ಎಲೆಗಳನ್ನು ಬೋಳು ಮಾಡುತ್ತಿದ್ದ, ಬೆನ್ನಿನ ಮೇಲೆ ಎರಡು ನೀಲಿ ಕಣ್ಣು ಹೊತ್ತ ಹಸಿರು ಹುಳುವನ್ನು ನಮ್ಮ ಮನೆಯಲ್ಲಿ ಎಲ್ಲರೂ ಬಲ್ಲರು. ಅದೇ ರೆಕ್ಕೆ ಮೂಡಿಸಿಕೊಂಡು, ಹಸಿರಿನ ಮೇಲೆ ತಿಳಿಗುಲಾಬಿ ಅಲೆಗಳ ಡಾಫ್ನಿಸ್ ನೆರಿಯೈ ಎಂಬ ಪತಂಗವಾಗಿ ಪಂಚೆಗೆ ಬಂದ ರಾತ್ರಿ ಹೆಂಡತಿ ಆ ಹುಳುಗಳನ್ನು ಕಿತ್ತೆಸೆಯುವುದನ್ನು ನಿಲ್ಲಿಸಿದಳು. ಪಕ್ಕದ ಜೋಳದ ಹೊಲದಿಂದ ಫಾಲ್ ಸೈನಿಕ ಹುಳುವಿನ ಪತಂಗಗಳೂ ಬರುತ್ತವೆ. ಅಮೆರಿಕ ಖಂಡಗಳ ಮೂಲದ ಈ ಕೀಟ ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಇದೇ ಶಿವಮೊಗ್ಗದ ಮೆಕ್ಕೆಜೋಳದಲ್ಲಿ.

ಆದರೆ ಹಿತ್ತಲಿನಲ್ಲಿರುವುದೆಲ್ಲ ದೀಪಕ್ಕೆ ಬರುತ್ತದೆಂದು ಭಾವಿಸಬಾರದು. ನಮ್ಮ ಮೂಸಂಬಿ ಹಣ್ಣುಗಳಿಗೆ ಸೂಜಿ ಚುಚ್ಚಿದಂಥ ತೂತು ಬಿದ್ದು ಕೊಳೆತು ಉದುರುತ್ತಿದ್ದವು. ಹಣ್ಣಿನ ರಸ ಹೀರುವ ಯೂಡೊಸಿಮಾ ಪತಂಗದ ಕೆಲಸವಿದು. ಮುಂದಿನ ರೆಕ್ಕೆ ಒಣಗಿದ ಎಲೆಯಂತೆ, ಹಿಂದಿನದು ಕೇಸರಿಯ ಮೇಲೆ ಕಪ್ಪು. ನಾಲ್ಕು ವರ್ಷಗಳಲ್ಲಿ ಅದು ಪಂಚೆಗೆ ಬಂದದ್ದು ಒಮ್ಮೆ ಮಾತ್ರ. ರಾತ್ರಿ ಒಂಬತ್ತಕ್ಕೆ ಟಾರ್ಚು ಹಿಡಿದು ಮರದ ಕೆಳಗೆ ನಿಂತರೆ ಹಣ್ಣಿನ ಮೇಲೆ ಕೆಂಡದಂತೆ ಹೊಳೆಯುವ ಅದರ ಕಣ್ಣುಗಳು ಕಾಣುತ್ತವೆ. ಅದರ ಮರಿಹುಳು ಬೆಳೆಯುವುದು ನಾವೇ ಬೇಲಿಗೆ ಹಬ್ಬಿಸಿದ ಅಮೃತಬಳ್ಳಿಯ ಮೇಲೆ. ಇನ್ನು, ಪಂಚೆಗೆ ಬರುವುದೆಲ್ಲ ಸಾಧುವೂ ಅಲ್ಲ: ಕೆಂಪು ಕಪ್ಪು ಪಟ್ಟೆಯ ಇರುವೆಯಂಥ ಪೆಡೆರಸ್ ಎಂಬ ದುಂಬಿಯೊಂದನ್ನು ಕುತ್ತಿಗೆಯ ಮೇಲೆ ತಿಳಿಯದೆ ಉಜ್ಜಿ, ಎದ್ದ ಬೊಬ್ಬೆಗಳನ್ನು ಹತ್ತು ದಿನ ಅನುಭವಿಸಿದ್ದೇನೆ. ಹಾಗೆ ಕುಳಿತರೆ ಊದಿ ಹಾರಿಸಬೇಕು, ಹೊಸಕಬಾರದು.

ದಾಖಲೆಗೆ ಐನ್ಯಾಚುರಲಿಸ್ಟ್ ಬಳಸುತ್ತೇನೆ; ಜನರು ತಾವು ಕಂಡ ಜೀವಿಗಳ ಫೋಟೊ ಹಾಕಿ, ಒಬ್ಬರಿಗೊಬ್ಬರು ಗುರುತಿಸಿಕೊಡುವ ಜಾಲತಾಣವದು. ಫೋಟೊ, ದಿನಾಂಕ, ಸ್ಥಳ ಮೂರೂ ಇದ್ದು, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಪ್ರಭೇದವೆಂದು ಒಪ್ಪಿದರೆ ದಾಖಲೆಗೆ ಸಂಶೋಧನಾ ದರ್ಜೆ ಸಿಗುತ್ತದೆ. ಫೋಟೊಗಳನ್ನು ಹೋಲಿಸಿ ನೋಡಲು ಮಾತ್ಸ್ ಆಫ್ ಇಂಡಿಯಾ ಜಾಲತಾಣವಿದೆ. ಸಣ್ಣ ಕಂದು ಪತಂಗಗಳಲ್ಲಿ ಎಷ್ಟೋ ಪ್ರಭೇದಗಳನ್ನು ದೇಹ ಬಿಡಿಸಿ ನೋಡದೆ ಗುರುತಿಸಲಾಗದು. ಅವು ಕುಟುಂಬದ ಹೆಸರಿನಲ್ಲೇ ನಿಂತರೆ ಬೇಸರಿಸಬೇಕಾಗಿಲ್ಲ. ಇದರ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ದೀಪ ಹಚ್ಚಿದ ಹೊತ್ತು, ಆರಿಸಿದ ಹೊತ್ತು, ಮೋಡ, ಗಾಳಿ, ಮಳೆ ಇವನ್ನು ಬರೆದಿಡುತ್ತೇನೆ. ಏನೂ ಬಾರದ ರಾತ್ರಿಗಳನ್ನು ಕೂಡ. ಜನವರಿಯ ಚಳಿಯಲ್ಲಿ ಮೂರೇ ಪತಂಗ ಬಂದದ್ದನ್ನು ಬರೆದಿಡದಿದ್ದರೆ ಜೂನ್‌ನ ಎಂಬತ್ತಕ್ಕೆ ಅರ್ಥವೆಲ್ಲಿ?

ಮೊದಲು ಮೋಸಹೋಗಿ ಕೊಂಡ ನೇರಳೆ ದೀಪವನ್ನೂ ಎಸೆದಿಲ್ಲ. ಚೇಳುಗಳ ಮೈ ನೇರಳಾತೀತ ಬೆಳಕಿಗೆ ಹಸಿರುನೀಲಿಯಾಗಿ ಹೊಳೆಯುತ್ತದೆ, ಅದಕ್ಕೆ 395 ಸಾಕು. ಹಿತ್ತಲಿನ ಜಂಬಿಟ್ಟಿಗೆ ರಾಶಿಗೆ ಕತ್ತಲಾದ ಮೇಲೆ ಕೈ ಹಾಕುವ ಮುನ್ನ ಈಗ ಮನೆಯವರೆಲ್ಲ ಆ ದೀಪವನ್ನೇ ಹುಡುಕುತ್ತಾರೆ.