ಹಳೆಯ ಪಿಂಗಾಣಿ ಡಿಕ್ಯಾಂಟರಿನ ಬರ್ಬನ್: ಮೊಹರು ನಂಬಿ ಕುಡಿಯಬೇಡಿ

ಅಮೆರಿಕದ ಕೆಂಟಕಿಯಲ್ಲಿ ಒಂದು ಮನೆಯ ಹಳೆಯ ಸಾಮಾನೆಲ್ಲ ಮಾರುವ ಎಸ್ಟೇಟ್ ಸೇಲ್‌ನಲ್ಲಿ ಕೊಂಡ ಕುದುರೆಯಾಕಾರದ ಡಿಕ್ಯಾಂಟರ್, ಎಂದರೆ ಮದ್ಯ ತುಂಬಿಡುವ ಅಲಂಕಾರದ ಪಾತ್ರೆ, ಅದು. ಒಳಗಿದ್ದದ್ದು ಬರ್ಬನ್, ಎಂದರೆ ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ. 1970ರ ದಶಕದ್ದು, ಪಿಂಗಾಣಿಯದು, ಮೂಲ ರಟ್ಟಿನ ಪೆಟ್ಟಿಗೆಯೊಳಗೇ ಇತ್ತು. ಬಿರಡೆಯ ಮೇಲಿಂದ ಎರಡೂ ಕಡೆ ಇಳಿಬಿಟ್ಟು ಅಂಟಿಸಿದ ಕೆಂಪು ತೆರಿಗೆ ಪಟ್ಟಿ ಎಲ್ಲೂ ಹರಿದಿರಲಿಲ್ಲ. ಚೀಟಿಯಲ್ಲಿ 4/5 ಕ್ವಾರ್ಟ್ (757 ಮಿ.ಲೀ.), 86 ಪ್ರೂಫ್ (43% ಆಲ್ಕೋಹಾಲ್) ಎಂದಿತ್ತು. ಅಲುಗಾಡಿಸಿದರೆ ತುಳುಕುವ ಸದ್ದು ಕೇಳುತ್ತಿತ್ತು. ಇಷ್ಟು ಸಾಕೆಂದು ಕೊಂಡದ್ದು ಮೊದಲ ತಪ್ಪು. ಕುದುರೆಯ ತಲೆ ಹಿಡಿದು ತಿರುಗಿಸಿದ್ದರಿಂದ ಕುತ್ತಿಗೆಯ ಅಂಚಿನಲ್ಲಿ ಚಕ್ಕೆ ಎದ್ದಿತು, ಕಾರ್ಕ್ ಪುಡಿಯಾಗಿ ಅರ್ಧ ಒಳಗೆ ಬಿತ್ತು. 757 ಮಿ.ಲೀ. ಇರಬೇಕಾದಲ್ಲಿ ಹೊರಬಂದದ್ದು 500ಕ್ಕೂ ಕಡಿಮೆ. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಬಣ್ಣ ಚೆನ್ನಾಗಿದೆ ಎಂದು ನಾಲ್ಕು ಜನ ಒಂದೊಂದು ಪೆಗ್ ಕುಡಿದದ್ದೂ ಆಯಿತು. ಉಳಿದದ್ದನ್ನು ಆಮೇಲೆ ಪ್ರಯೋಗಾಲಯಕ್ಕೆ ಕಳಿಸಿದಾಗ ಅದರಲ್ಲಿದ್ದ ಸೀಸ ಕುಡಿಯುವ ನೀರಿನ ಮಿತಿಯನ್ನು ಎಷ್ಟೋ ಪಟ್ಟು ಮೀರಿತ್ತು. ಕುಡಿದವರೆಲ್ಲ ವೈದ್ಯರ ಬಳಿ ಹೋಗಿ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಬೇಕಾಯಿತು. ಪರೀಕ್ಷೆ ಮೊದಲು, ಗುಟುಕು ಆಮೇಲೆ ಆಗಬೇಕಿತ್ತು, ಆದದ್ದು ತಿರುಗಾಮುರುಗಾ.

ಸೀಸ ಎಲ್ಲಿಂದ ಬಂತು? ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಹಾಕಿದ ಸಾರು ಇಟ್ಟರೆ ಕಿಲುಬುತ್ತದೆ ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಇಲ್ಲೂ ನಡೆಯುವುದು ಹೆಚ್ಚುಕಡಿಮೆ ಅದೇ, ಆದರೆ ಕಣ್ಣಿಗೆ ಕಾಣುವುದಿಲ್ಲ. ಪಿಂಗಾಣಿಯ ಮೇಲಿನ ಗಾಜಿನಂಥ ಮೆರುಗು ಲೇಪ ಕಡಿಮೆ ಶಾಖದಲ್ಲಿ ಕರಗಿ ನಯವಾಗಿ ಹರಡಲಿ ಎಂದು ಆಗಿನ ಕಾರ್ಖಾನೆಗಳು ಅದಕ್ಕೆ ಸೀಸದ ಆಕ್ಸೈಡ್ ಬೆರೆಸುತ್ತಿದ್ದವು. ಕಡು ಕೆಂಪು, ಕಿತ್ತಳೆ, ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಕೂಡ ಇರಬಹುದು. ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಕುಳಿತ ಬರ್ಬನ್ ಅಸಿಟಿಕ್ ಮತ್ತಿತರ ಆಮ್ಲಗಳನ್ನು ಹೊತ್ತು ಸ್ವಲ್ಪ ಹುಳಿಯಾಗಿಯೇ ಇರುತ್ತದೆ. ಆ ಹುಳಿ ಲೇಪದಿಂದ ಸೀಸವನ್ನು ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಊಟಕ್ಕೆ ಕುಳಿತಷ್ಟು ಹೊತ್ತು ಪಿಂಗಾಣಿ ತಟ್ಟೆಯಲ್ಲಿ ಸಾರು ಇರುವುದು ಬೇರೆ, 50 ವರ್ಷ ಅದೇ ಗೋಡೆಗೆ ಮದ್ಯ ಅಂಟಿಕೊಂಡಿರುವುದು ಬೇರೆ. ಲೇಪವನ್ನು ಸರಿಯಾಗಿ ಸುಡದಿದ್ದರೆ ಅಥವಾ ಅದರಲ್ಲಿ ಕೂದಲೆಳೆಯ ಬಿರುಕುಗಳು ಮೂಡಿದ್ದರೆ ಸೀಸ ಇನ್ನೂ ಬೇಗ ಬಿಡುತ್ತದೆ.

ಈ ಬಗ್ಗೆ ಅಳತೆ ಮಾಡಿದ ಕೆಲವು ಅಂಕಿಗಳು ಸೀಸ ಬೆರೆಸಿ ಮಾಡಿದ ಕ್ರಿಸ್ಟಲ್ ಗಾಜಿನವು. ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಗ್ರಾಜಿಯಾನೊ ಮತ್ತು ಕಾನ್ರಾಡ್ ಬ್ಲಮ್ 1991ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಇದನ್ನು ಪ್ರಕಟಿಸಿದರು. ಪೋರ್ಟ್ ವೈನನ್ನು ಕ್ರಿಸ್ಟಲ್ ಡಿಕ್ಯಾಂಟರಿನಲ್ಲಿ 4 ತಿಂಗಳು ಇಟ್ಟಾಗ ಲೀಟರಿಗೆ 89 ಮೈಕ್ರೋಗ್ರಾಂ ಇದ್ದ ಸೀಸ 3,518ಕ್ಕೆ ಏರಿತು. ಬಹಳ ಕಾಲ ಇಟ್ಟಿದ್ದ ಮದ್ಯಗಳಲ್ಲಿ 21,530 ಮೈಕ್ರೋಗ್ರಾಂವರೆಗೂ ಸಿಕ್ಕಿತು. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಹೆರುವ ವಯಸ್ಸಿನ ಹೆಂಗಸರಿಗೆ ಆಹಾರದಿಂದ ದಿನಕ್ಕೆ 8.8 ಮೈಕ್ರೋಗ್ರಾಂ ದಾಟಬಾರದು ಎಂಬುದು ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಇಟ್ಟುಕೊಂಡ ಅಳತೆ. 21,530ರ ಮಟ್ಟದ ಮದ್ಯ 30 ಮಿ.ಲೀ. ಕುಡಿದರೆ ಸುಮಾರು 646 ಮೈಕ್ರೋಗ್ರಾಂ ಒಳಗೆ ಹೋಗುತ್ತದೆ. ಆ ದಿನದ ಅಳತೆಯ 73 ಪಟ್ಟು, ಒಂದೇ ಪೆಗ್‌ನಲ್ಲಿ. ಪಿಂಗಾಣಿಯಲ್ಲಿ ಇದು ಲೇಪದಿಂದ ಲೇಪಕ್ಕೆ ವಿಪರೀತ ಬದಲಾಗುತ್ತದೆ. ಒಂದೇ ಅಚ್ಚಿನ ಎರಡು ಡಿಕ್ಯಾಂಟರ್‌ಗಳಲ್ಲಿ ಒಂದು ಶುದ್ಧ, ಇನ್ನೊಂದು ವಿಷ ಆಗಿರಬಹುದು. ಗೆಳೆಯನೊಬ್ಬ ಕುಡಿದು ಚೆನ್ನಾಗಿದ್ದಾನೆ ಎಂಬ ಮಾತು ಇದಕ್ಕಾಗಿಯೇ ಯಾವ ಭರವಸೆಯೂ ಅಲ್ಲ. ಸೀಸ ಅಂದು ರಾತ್ರಿಯೇ ಹೊಟ್ಟೆ ಕೆಡಿಸುವುದಿಲ್ಲ. ಮೂಳೆಯಲ್ಲಿ ಕೂತು ವರ್ಷಗಟ್ಟಲೆ ಉಳಿಯುತ್ತದೆ.

ನಾಲಿಗೆಗೂ ಇದು ಸಿಕ್ಕುವುದಿಲ್ಲ. ಸೀಸದ ಅಸಿಟೇಟ್ ಸಿಹಿ. ಬರ್ಬನ್ ಕೂಡ ಸಿಹಿ. ಹಳೆಯ ಬರ್ಬನ್ನಿಗೆ ಬೆಣ್ಣೆಸಕ್ಕರೆಯ ಘಮ ಬಂದಿದೆ ಎಂದು ಸಂಭ್ರಮಿಸುವಾಗ ಇದು ನೆನಪಿರಲಿ.

ಇಂಥ ಡಿಕ್ಯಾಂಟರ್‌ಗಳು ಅಮೆರಿಕದಲ್ಲಿ ಲೆಕ್ಕವಿಲ್ಲದಷ್ಟಿವೆ. ಜಿಮ್ ಬೀಮ್ ಕಂಪನಿಗೆ ಇಲಿನಾಯ್ ರಾಜ್ಯದ ಆ್ಯಂಟಿಯಾಕ್‌ನಲ್ಲಿದ್ದ ರೀಗಲ್ ಚೈನಾ ಕಾರ್ಖಾನೆ 1955ರಿಂದ ಇವನ್ನು ಮಾಡಿಕೊಟ್ಟಿತು. ಓಲ್ಡ್ ಕ್ರೋ ಎಂಬ ಬರ್ಬನ್ ಬ್ರ್ಯಾಂಡ್ 1969ರಲ್ಲಿ ಚದುರಂಗದ 32 ಕಾಯಿಗಳನ್ನೂ ಡಿಕ್ಯಾಂಟರ್ ಮಾಡಿ ಮಾರಿತು. ವೈಲ್ಡ್ ಟರ್ಕಿ ಬ್ರ್ಯಾಂಡಿನ ಟರ್ಕಿ ಕೋಳಿಗಳ ಸರಣಿ ಶುರುವಾದದ್ದು 1971ರಲ್ಲಿ. ಮೆಕಾರ್ಮಿಕ್ ಕಂಪನಿಯ, ಗಾಯಕ ಎಲ್ವಿಸ್ ರೂಪದ ಡಿಕ್ಯಾಂಟರ್‌ಗಳ ತಳದಲ್ಲಿ ಸಂಗೀತದ ಪೆಟ್ಟಿಗೆಯೂ ಇತ್ತು. ಜನ ವೋಡ್ಕಾದ ಕಡೆ ಹೊರಳಿ ಬರ್ಬನ್ ಗೋದಾಮಿನಲ್ಲೇ ಉಳಿಯುತ್ತಿದ್ದ ಕಾಲ ಅದು. ಪಾತ್ರೆಯ ಆಸೆಗೆ ಕೊಂಡವರು ಬಹಳ, ಒಳಗಿನದ್ದನ್ನು ಮುಟ್ಟಿದವರು ಕಡಿಮೆ. ತುಂಬಿದ್ದ ಮದ್ಯ ಎಷ್ಟೋ ಸಲ ಒಳ್ಳೆಯದೇ ಆಗಿತ್ತು: ಬೀಮ್‌ನಲ್ಲಿ 100 ತಿಂಗಳ ಬರ್ಬನ್, ವೈಲ್ಡ್ ಟರ್ಕಿಯಲ್ಲಿ 101 ಪ್ರೂಫ್. ಹುಡುಕುವವರ ಆಸೆ ಹುಟ್ಟುವುದೂ ಇಲ್ಲಿಂದಲೇ, ಮೋಸ ಹೋಗುವುದೂ ಇಲ್ಲಿಂದಲೇ.

ಕಾಲ ಗುರುತಿಸಲು ತಳದ ಇಸವಿಯೊಂದನ್ನೇ ನಂಬಬೇಡಿ. ಅದು ಅಚ್ಚಿನ ಇಸವಿ ಇರಬಹುದು. ಅಳತೆ ನೋಡಿ. 4/5 ಕ್ವಾರ್ಟ್ ಎಂದಿದ್ದರೆ 1980ಕ್ಕೆ ಮೊದಲಿನದು, ಏಕೆಂದರೆ ಆ ವರ್ಷದ ಜನವರಿ 1ರಿಂದ ಅಮೆರಿಕದಲ್ಲಿ 750 ಮಿ.ಲೀ. ಅಳತೆ ಕಡ್ಡಾಯವಾಯಿತು. ಬಿರಡೆಯ ಮೇಲೆ ತೆರಿಗೆ ಪಟ್ಟಿ ಅಂಟಿಸುವ ನಿಯಮ 1985ರಲ್ಲಿ ಹೋಯಿತು. ಪಟ್ಟಿ ಹಸಿರಾಗಿದ್ದರೆ ಬಾಟಲ್ಡ್ ಇನ್ ಬಾಂಡ್, ಎಂದರೆ ಒಂದೇ ಭಟ್ಟಿಯ ಒಂದೇ ಋತುವಿನ, ಕನಿಷ್ಠ 4 ವರ್ಷದ 100 ಪ್ರೂಫ್ ಮದ್ಯ; ಕೆಂಪಾಗಿದ್ದರೆ ಉಳಿದವು. ಗರ್ಭಿಣಿಯರು ಕುಡಿಯಬಾರದೆಂಬ ಸರ್ಕಾರಿ ಎಚ್ಚರಿಕೆ ಮುದ್ರಿತವಾಗಿದ್ದರೆ ಅದು 1989ರ ನವೆಂಬರ್ ನಿಯಮ ಬಂದ ಮೇಲಿನದು ಎಂದು ತಿಳಿಯಬಹುದು. ಬರೀ ಪ್ಲಾಸ್ಟಿಕ್ ಹೊದಿಕೆ ಇದ್ದು ಪಟ್ಟಿ ಇಲ್ಲದ 1970ರ ಡಿಕ್ಯಾಂಟರ್ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಖಾಲಿ ಪಾತ್ರೆಗಳು ಪುಡಿಗಾಸಿಗೆ ಸಿಗುತ್ತವೆ. ಅಗ್ಗದ ವಿಸ್ಕಿ ತುಂಬಿ ಹೊದಿಕೆಯನ್ನು ಬಿಸಿಗಾಳಿಯಲ್ಲಿ ಬಿಗಿಯುವುದು ಎರಡು ನಿಮಿಷದ ಕೆಲಸ.

ಪಟ್ಟಿ ಹರಿಯದಿದ್ದರೂ ಒಳಗಿನದು ಆವಿಯಾಗಿ ಹೋಗಿರಬಹುದು, ಆ ಕುದುರೆಯಲ್ಲಿ ಆದಂತೆ. ಹಳೆಯ ಕಾರ್ಕ್ ಒಣಗಿ ಕುಗ್ಗುತ್ತದೆ. ಲೇಪವಿಲ್ಲದ ಜಾಗದಲ್ಲಿ ಪಿಂಗಾಣಿಯೂ ಸ್ವಲ್ಪ ಜಿನುಗಬಹುದು. ಗಾಜಿನ ಬಾಟಲಿಯಾದರೆ ಬೆಳಕಿಗೆ ಹಿಡಿದು ಮಟ್ಟ ನೋಡಬಹುದು, ಇದರಲ್ಲಿ ಸಾಧ್ಯವಿಲ್ಲ; ತೂಕವೊಂದೇ ದಾರಿ. 5 ಕಿಲೋವರೆಗೆ 1 ಗ್ರಾಂ ನಿಖರವಾಗಿ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. 86 ಪ್ರೂಫ್ ಎಂದರೆ 43%, ಅದು 757 ಮಿ.ಲೀ. ಇದ್ದರೆ ಸುಮಾರು 714 ಗ್ರಾಂ ತೂಗುತ್ತದೆ. 101 ಪ್ರೂಫ್ ಆದರೆ ಸುಮಾರು 703. ಅದೇ ಮಾದರಿಯ ಖಾಲಿ ಡಿಕ್ಯಾಂಟರಿನ ತೂಕವನ್ನು ಬೇರೆ ಸಂಗ್ರಾಹಕರಿಂದ ಕೇಳಿ ಪಡೆದು ಕಳೆಯಿರಿ. ಅಚ್ಚಿನಿಂದ ಅಚ್ಚಿಗೆ ಹತ್ತಾರು ಗ್ರಾಂ ಹೆಚ್ಚುಕಡಿಮೆ ಇರುತ್ತದೆ, ಆದರೆ 200 ಗ್ರಾಂ ಕೊರತೆ ಅಚ್ಚಿನದಲ್ಲ, ಆವಿಯದು. ತುಳುಕುವ ಸದ್ದು ಜೋರಾಗಿದ್ದರೆ ಅದು ಒಳ್ಳೆಯ ಸುದ್ದಿಯೂ ಅಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಬಿರಡೆಯ ಬುಡದಲ್ಲಿ ಕಂದು ಕಲೆ, ಪೆಟ್ಟಿಗೆಯ ತಳದಲ್ಲಿ ಒಣಗಿದ ವರ್ತುಲ, ಮುಚ್ಚಿದ್ದಾಗಲೇ ಮೂಗಿಗೆ ಹೊಡೆಯುವ ಮದ್ಯದ ವಾಸನೆ, ಇವೂ ಸೋರಿಕೆಯ ಗುರುತುಗಳು.

ಇನ್ನು ತೆರೆಯುವ ಕೆಲಸ. ಕುಡಿಯಲು ಅಲ್ಲದಿದ್ದರೂ ತೆರೆಯಬೇಕಾಗುತ್ತದೆ: ಪರೀಕ್ಷೆಗೆ ಮಾದರಿ ಬೇಕು, ಮದ್ಯ ಒಳಗೇ ಉಳಿದರೆ ಒಂದು ದಿನ ಸೋರಿ ಚೀಟಿಯನ್ನೂ ಬಣ್ಣವನ್ನೂ ಹಾಳು ಮಾಡುತ್ತದೆ. ಎರಡು ಮೂರು ದಿನ ನೆಟ್ಟಗೆ ನಿಲ್ಲಿಸಿಡಿ. ಮಡಚಿದ ಟವೆಲ್ ಹಾಸಿದ ಅಗಲ ತಟ್ಟೆಯಲ್ಲಿ ಕೆಲಸ ಮಾಡಿ, ಒಡೆದರೂ ಮದ್ಯ ಅದರೊಳಗೇ ಉಳಿಯಲಿ. ಯಾವ ಭಾಗ ಬಿರಡೆ ಎಂದು ಮೊದಲು ಕಂಡುಕೊಳ್ಳಿ. ಕೆಲವದರಲ್ಲಿ ಇಡೀ ತಲೆ ಕಳಚುತ್ತದೆ, ಕೆಲವದರಲ್ಲಿ ತಲೆ ದೇಹಕ್ಕೇ ಸೇರಿದ್ದು, ಬಿರಡೆ ಬೆನ್ನಿನಲ್ಲೋ ಬಾಲದ ಬಳಿಯೋ ಇರುತ್ತದೆ. ಕಳಚದ ತಲೆಯನ್ನು ತಿರುಚಿ ಮುರಿದ ಡಿಕ್ಯಾಂಟರ್‌ಗಳಿಗೆ ಲೆಕ್ಕವಿಲ್ಲ. ತೆರಿಗೆ ಪಟ್ಟಿಯನ್ನು ಕೀಳದೆ, ಬಿರಡೆ ಮತ್ತು ಕುತ್ತಿಗೆ ಕೂಡುವ ಗೆರೆಯಲ್ಲಿ ಹೊಸ ಬ್ಲೇಡಿನಿಂದ ಕೊಯ್ಯಿರಿ. ಬಟ್ಟೆಯೊಂದನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಕುತ್ತಿಗೆಗೆ ಐದು ನಿಮಿಷ ಸುತ್ತಿಡಿ. ಅಂಚಿನಲ್ಲಿ ಒಣಗಿ ಅಂಟಾದ ಮದ್ಯ ಅಷ್ಟಕ್ಕೇ ಮೆತ್ತಗಾಗುತ್ತದೆ. ಕುದಿನೀರು ಬೇಡವೇ ಬೇಡ. ಒಂದೇ ಕಡೆ ಬಿಸಿಯಾದ ಪಿಂಗಾಣಿ ಸೀಳುತ್ತದೆ. ಆಮೇಲೆ ಒಂದು ಕೈಯಲ್ಲಿ ಕುತ್ತಿಗೆಯನ್ನೇ ಹಿಡಿದು, ಇನ್ನೊಂದರಲ್ಲಿ ಬಿರಡೆಯ ಬುಡ ಹಿಡಿದು, ಕೂದಲಷ್ಟು ಎಡಕ್ಕೆ, ಕೂದಲಷ್ಟು ಬಲಕ್ಕೆ ಆಡಿಸಿ. ಕಿವಿ, ಕೊಕ್ಕು, ರೆಕ್ಕೆ ಹಿಡಿಯಬೇಡಿ. ಬರದಿದ್ದರೆ ಬಟ್ಟೆ ಸುತ್ತುವುದನ್ನೇ ಇನ್ನೊಮ್ಮೆ ಮಾಡಿ. ಚಾಕು ತೂರಿಸಿ ಮೀಟಿದರೆ ಮೊದಲು ಹೋಗುವುದು ಕುತ್ತಿಗೆಯ ಅಂಚೇ.

ಕಾರ್ಕ್ ಮುರಿದು ಕುತ್ತಿಗೆಯಲ್ಲೇ ಉಳಿದರೆ, ಕುತ್ತಿಗೆ ನೇರವಾಗಿದ್ದರೆ ಮಾತ್ರ ಎರಡು ತೆಳು ಅಲಗಿನ ಕಾರ್ಕ್ ಕೀಳುಗ ಬಳಸಿ. ಸುರುಳಿ ತಿರುಪು ಹಾಕಿದರೆ ಕೊಳೆತ ಕಾರ್ಕ್ ಪುಡಿಯಾಗುತ್ತದೆ. ಕೈಗೆ ಸಿಗದಿದ್ದರೆ ಒಳಗೆ ತಳ್ಳಿಬಿಡಿ. ಸ್ಟೀಲ್ ಆಲಿಕೆಗೆ ಎರಡು ಪದರ ತೆಳು ಬಟ್ಟೆ ಹಾಕಿ ಸ್ವಚ್ಛ ಗಾಜಿನ ಬಾಟಲಿಗೆ ಬಗ್ಗಿಸಿ, ಆಮೇಲೆ ಫಿಲ್ಟರ್ ಕಾಗದದಲ್ಲಿ ಇನ್ನೊಮ್ಮೆ. ಕಾಗದ ಬೇಗ ಕಟ್ಟಿಕೊಳ್ಳುತ್ತದೆ, ಮೂರು ನಾಲ್ಕು ಬೇಕಾಗುತ್ತವೆ. ಆದರೆ ದಯವಿಟ್ಟು ಗಮನಿಸಿ: ಸೋಸಿದರೆ ಹೋಗುವುದು ಕಾರ್ಕಿನ ಚೂರು ಮಾತ್ರ. ಕರಗಿದ ಸೀಸ, ನೀರಲ್ಲಿ ಕರಗಿದ ಉಪ್ಪಿನ ಹಾಗೆ, ಕಾಗದ ದಾಟಿ ಹೋಗುತ್ತದೆ. ಇದ್ದಿಲ ಪುಡಿಯಲ್ಲಿ ಸೋಸಿದರೂ ಬಣ್ಣ ಮತ್ತು ಘಮ ಹೋಗುತ್ತವೆಯೇ ಹೊರತು ಸೀಸ ಪೂರ್ತಿ ಹೋಯಿತೆಂದು ಹೇಳಲಾಗದು. ಮತ್ತೆ ಭಟ್ಟಿ ಇಳಿಸಿದರೆ ಸೀಸ ಹಿಂದೆ ಉಳಿಯುತ್ತದೆ ನಿಜ, ಆದರೆ ಮನೆಯಲ್ಲಿ ಮದ್ಯ ಭಟ್ಟಿ ಇಳಿಸುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಪರವಾನಗಿ ಇದ್ದರೂ ಉಳಿಯುವುದು ಬರ್ಬನ್ ಅಲ್ಲ, ಬಣ್ಣವಿಲ್ಲದ ಸಾರಾಯಿ.

ಪರೀಕ್ಷೆಗೆ ಅಂಗಡಿಯಲ್ಲಿ ಸಿಗುವ, ಒರೆಸಿದರೆ ಬಣ್ಣ ಬದಲಾಗುವ ಕಡ್ಡಿಗಳನ್ನು ನಂಬಬೇಡಿ. ಅವು ಗೋಡೆಯ ಬಣ್ಣದಂಥ ಮೇಲ್ಮೈಗೆ ಮಾಡಿದವು. ಹೊರಮೈ ಒರೆಸಿ ಬಣ್ಣ ಬರಲಿಲ್ಲವೆಂದರೆ ಒಳಗಿನ ಮದ್ಯದ ಬಗ್ಗೆ ಏನೂ ತಿಳಿದಂತಾಗುವುದಿಲ್ಲ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ, ಲೋಹಗಳನ್ನು ಅತಿ ಸಣ್ಣ ಪ್ರಮಾಣದಲ್ಲೂ ಅಳೆಯುವ ಐಸಿಪಿ-ಎಂಎಸ್ ವಿಧಾನದಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಎರಡನ್ನೂ ನೋಡಿಸಿ. ಕಳಿಸುವ ಮುಂಚೆ ಇದರಲ್ಲಿ 40ಕ್ಕೂ ಹೆಚ್ಚು ಶೇಕಡ ಆಲ್ಕೋಹಾಲ್ ಇದೆ ಎಂದು ಸ್ಪಷ್ಟವಾಗಿ ಹೇಳಿ. ಕೆಲವರು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳುವವರು ತಕ್ಕಂತೆ ತೆಳು ಮಾಡಿ ಅಳೆಯುತ್ತಾರೆ. ಎಷ್ಟು ಬೇಕೆಂದು ಕೇಳಿ, ಅವರು ಕೊಟ್ಟ ಬಾಟಲಿಯಲ್ಲೇ ತುಂಬಿಸಿ. ಫಲಿತಾಂಶ ಬರುವ ತನಕ ಉಳಿದದ್ದನ್ನು ಗಾಜಿನಲ್ಲಿಡಿ, ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದ ಕಡೆ.

ಹಳೆಯ ಬರ್ಬನ್ ರುಚಿಯೇ ಬೇಕೆಂದರೆ ಗಾಜಿನದ್ದನ್ನು ಹುಡುಕಿ. 1950 ಮತ್ತು 60ರ ದಶಕಗಳಲ್ಲಿ ಓಲ್ಡ್ ಫಿಟ್ಜ್‌ಜೆರಾಲ್ಡ್, ಓಲ್ಡ್ ಫಾರೆಸ್ಟರ್ ಮೊದಲಾದವು ಕ್ರಿಸ್‌ಮಸ್ ಉಡುಗೊರೆಗೆಂದು ಗಾಜಿನ ಡಿಕ್ಯಾಂಟರ್‌ಗಳನ್ನು ಬಿಟ್ಟವು. ಮಟ್ಟ ಕಣ್ಣಿಗೆ ಕಾಣುತ್ತದೆ, ಮೋಡ ಕಟ್ಟಿದ್ದರೆ ಅದೂ ಕಾಣುತ್ತದೆ. ಕೊಳ್ಳುವ ಗಾಜು ಸೀಸದ ಕ್ರಿಸ್ಟಲ್ ಅಲ್ಲ ಎಂಬುದನ್ನಷ್ಟೇ ಖಚಿತ ಮಾಡಿಕೊಳ್ಳಿ. ಕೊಳ್ಳುವ ಜಾಗವೂ ಮುಖ್ಯ. ಕೆಂಟಕಿಯಲ್ಲಿ 2018ರ ಜನವರಿ 1ರಿಂದ ಪರವಾನಗಿ ಇರುವ ಅಂಗಡಿಗಳು ಖಾಸಗಿಯವರಿಂದ ಹಳೆಯ ಬಾಟಲಿಗಳನ್ನು ಕೊಂಡು ಮಾರಬಹುದು. ಬಹುತೇಕ ಕಡೆ ಪರವಾನಗಿ ಇಲ್ಲದೆ ಮದ್ಯ ಮಾರುವಂತಿಲ್ಲ. ಆದ್ದರಿಂದಲೇ ಎಸ್ಟೇಟ್ ಸೇಲ್‌ಗಳಲ್ಲಿ ಪಾತ್ರೆ ಮಾತ್ರ ಮಾರಾಟಕ್ಕೆ, ಒಳಗಿನದಕ್ಕೆ ಬೆಲೆ ಇಲ್ಲ ಎಂದು ಬರೆದಿರುತ್ತಾರೆ. ಆಮೇಲೆ ದೂರು ಹೇಳಲು ಅಲ್ಲಿ ಯಾರೂ ಇರುವುದಿಲ್ಲ.

ಅಮೆರಿಕದಿಂದ ಊರಿಗೆ ಬರುವಾಗ ಅಪ್ಪನಿಗೋ ಮಾವನಿಗೋ ಚೆಂದದ ಉಡುಗೊರೆ ಎಂದು ಇದನ್ನು ಸೂಟ್‌ಕೇಸಿಗೆ ಹಾಕಿಕೊಳ್ಳುವವರು ಖಾಲಿ ಮಾಡಿ ತೊಳೆದ ಡಿಕ್ಯಾಂಟರನ್ನೇ ತನ್ನಿ. ಒಣಗಿದ ಕಾರ್ಕ್ ವಿಮಾನದಲ್ಲಿ ಒತ್ತಡ ಬದಲಾದಾಗ ಸೋರುತ್ತದೆ. ತೊಳೆಯುವಾಗ ತಳದಲ್ಲಿ ಸಂಗೀತದ ಪೆಟ್ಟಿಗೆ ಇದ್ದರೆ ನೀರಲ್ಲಿ ಮುಳುಗಿಸಬೇಡಿ, ತುಕ್ಕು ಹಿಡಿದು ನಿಲ್ಲುತ್ತದೆ. ಮತ್ತೆ, ಖಾಲಿಯಾದ ಪಾತ್ರೆಗೆ ನಿಂಬೆ ಪಾನಕ, ಮಜ್ಜಿಗೆ, ಕುಡಿಯುವ ನೀರು, ಏನನ್ನೂ ತುಂಬಬೇಡಿ. ಲೇಪದಲ್ಲಿ ಸೀಸ ಇನ್ನೂ ಇದೆ. ಶೋಕೇಸಿನಲ್ಲಿ ಇಡುವ ಮುಂಚೆ ತಳಕ್ಕೆ ಒಂದು ಚೀಟಿ ಅಂಟಿಸಿ, ಅಳಿಸದ ಶಾಯಿಯಲ್ಲಿ ಬರೆಯಿರಿ: ಸೀಸ ಇರಬಹುದು, ತಿನ್ನಲು ಕುಡಿಯಲು ಬಳಸಬಾರದು. ಹತ್ತು ವರ್ಷ ಕಳೆದು ಅದನ್ನು ಕೈಗೆತ್ತಿಕೊಳ್ಳುವವರಿಗೆ ಇದನ್ನು ಹೇಳಲು ನೀವು ಅಲ್ಲಿ ಇಲ್ಲದಿರಬಹುದು.