ಕಟಿಂಗ್ ಶಾಪ್ ಲೆಕ್ಕ: ಬಾಡಿಗೆ ಕುರ್ಚಿ, ಖಾಲಿ ಮಳಿಗೆ, ಹಳೇ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಅಂಗಡಿಗೆ. ಅಂದರೆ ಯಾರೋ ನಡೆಸಿ ಬಿಟ್ಟುಹೋಗುತ್ತಿರುವ ಕಟಿಂಗ್ ಶಾಪನ್ನು ಕುರ್ಚಿ, ಕನ್ನಡಿ, ನಲ್ಲಿ, ಪೈಪು ಸಮೇತ ವಹಿಸಿಕೊಳ್ಳುವುದು. ಅದಕ್ಕೂ ಮುಂಚೆ ಇನ್ನೊಬ್ಬರ ಅಂಗಡಿಯಲ್ಲಿ ಒಂದು ಕುರ್ಚಿ ಬಾಡಿಗೆಗೆ ಹಿಡಿದು ದುಡಿದಿದ್ದೇನೆ. ಖಾಲಿ ಮಳಿಗೆ ಹಿಡಿದು ಹೊಸದಾಗಿ ಅಂಗಡಿ ಎಬ್ಬಿಸಿಯೂ ನೋಡಿದ್ದೇನೆ. ಮೂರರಲ್ಲೂ ಕತ್ತರಿ ಅದೇ, ಕೈ ಅದೇ. ತಿಂಗಳ ಕೊನೆಗೆ ಜೇಬಿಗೆ ಬೀಳುವುದು ಮಾತ್ರ ಬೇರೆ ಬೇರೆ.

ಲೆಕ್ಕವನ್ನು ದುಡ್ಡಿನಲ್ಲಿ ಹೇಳಲ್ಲ. ಒಂದೊಂದು ಕಡೆ ಒಂದೊಂದು ರೇಟು, ನನ್ನ ಅಂಕಿ ನಿಮಗೆ ಉಪಯೋಗಕ್ಕೆ ಬರಲ್ಲ. ನಾನು ಎಲ್ಲವನ್ನೂ ಕಟಿಂಗ್‌ನಲ್ಲೇ ಅಳೆಯುತ್ತೇನೆ. ಬಾಡಿಗೆ 80 ಕಟಿಂಗ್ ಅಂದರೆ ತಿಂಗಳ ಮೊದಲ 80 ತಲೆಗಳ ದುಡ್ಡು ಮಳಿಗೆಯವರದು, 81ನೇ ತಲೆಯಿಂದ ನಮ್ಮದು. ಹೊಸ ಟ್ರಿಮ್ಮರ್ ತಗೊಳ್ಳಬೇಕು ಅನ್ನಿಸಿದಾಗಲೂ ಇದೇ ಲೆಕ್ಕ. ಅರ್ಧ ಆಸೆ ಅಲ್ಲೇ ಇಳಿಯುತ್ತೆ.

ಒಂದು ಕುರ್ಚಿಯಿಂದ ಎಷ್ಟು ಹುಟ್ಟುತ್ತೆ ಅನ್ನುವುದು ಮೊದಲು ಗೊತ್ತಿರಬೇಕು. ಒಂದು ಕಟಿಂಗ್‌ಗೆ ಅರ್ಧ ಗಂಟೆ ಇಟ್ಟುಕೊಳ್ಳಿ. 8 ಗಂಟೆಗೆ 16 ತಲೆ. ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತೆ. ಆದರೆ ವಾರದ ನಡುವೆ ಮಧ್ಯಾಹ್ನ ಕುರ್ಚಿ ಖಾಲಿ, ರಜಾ ದಿನ ಬಂತೆಂದರೆ ಕೂರಲು ಜಾಗ ಇಲ್ಲದಷ್ಟು ಜನ. ಎಲ್ಲಾ ಸೇರಿಸಿ ನೋಡಿದರೆ ಅರ್ಧ ತುಂಬಿದರೂ ದೊಡ್ಡದು. ತಿಂಗಳಿಗೆ 200 ಕಟಿಂಗ್ ಅಂತ ಹಿಡಿಯಿರಿ. ಜಾಸ್ತಿ ಜನ ಬಂದರೆ ಬೇಗ ಬೇಗ ಮಾಡಿಬಿಡೋಣ ಅನ್ನುವ ಮಾತು ಇಲ್ಲಿ ನಡೆಯಲ್ಲ. ವಿಲಿಯಂ ಬಾಮೋಲ್, ವಿಲಿಯಂ ಬೋವೆನ್ ಅನ್ನುವ ಅರ್ಥಶಾಸ್ತ್ರಜ್ಞರು 1966ರಲ್ಲಿ ಸಂಗೀತ, ನಾಟಕದವರ ಖರ್ಚಿನ ಬಗ್ಗೆ ಬರೆಯುತ್ತಾ ಹೇಳಿದ್ದೂ ಇದನ್ನೇ. ಕಾರ್ಖಾನೆಯಲ್ಲಿ ಮಷಿನ್ ಬಂದರೆ ಅದೇ ಗಂಟೆಯಲ್ಲಿ ಹೆಚ್ಚು ಮಾಲು ಬರುತ್ತೆ, ನಾಲ್ಕು ಜನ ಸೇರಿ ನುಡಿಸುವ ಸಂಗೀತಕ್ಕೆ ಇವತ್ತೂ ನಾಲ್ಕು ಜನ, ಅಷ್ಟೇ ಹೊತ್ತು ಬೇಕು. ನಮ್ಮ ಕತ್ತರಿಯ ಕಥೆಯೂ ಅಷ್ಟೇ.

ಗಿರಾಕಿಗಳ ಲೆಕ್ಕ ಇನ್ನೂ ಸುಲಭ. ತಲೆಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ, ಕೆಲವರಿಗೆ ಸ್ವಲ್ಪ ಜಾಸ್ತಿ. ತಿಂಗಳಿಗೊಮ್ಮೆ ಬರುವವರನ್ನೇ ಹಿಡಿದರೆ ಒಂದು ಕುರ್ಚಿಗೆ 200 ಖಾಯಂ ಮುಖ ಬೇಕು. ಎರಡು ತಿಂಗಳಿಗೊಮ್ಮೆ ಬರುವವರಾದರೆ 400.

ಶೇವಿಂಗ್ ನಂಬಿ ಅಂಗಡಿ ತೆರೆಯಬೇಡಿ. ಜಿಲೆಟ್ ಸೇಫ್ಟಿ ರೇಜರ್ 1903ರಲ್ಲಿ ಮಾರಾಟಕ್ಕೆ ಬಂದಾಗ ಆ ವರ್ಷ ಹೋಗಿದ್ದು 51 ರೇಜರ್ ಮಾತ್ರ. ಮರುವರ್ಷ 90,000 ದಾಟಿತು. ನಮ್ಮ ಶೇವಿಂಗ್ ಗಿರಾಕಿ ಅವತ್ತೇ ಮನೆಗೆ ಹೋದ, ವಾಪಸ್ ಬಂದಿಲ್ಲ. ಗಡ್ಡ ಟ್ರಿಮ್ ಮಾಡಿಸುವವರು ಮಾತ್ರ ಈಗ ಜಾಸ್ತಿ ಆಗಿದ್ದಾರೆ, ಹತ್ತು ಹದಿನೈದು ನಿಮಿಷದ ಕೆಲಸ, ಗಿಟ್ಟುತ್ತೆ.

ಈಗ ಬಾಡಿಗೆ ಕುರ್ಚಿ. ಕುರ್ಚಿಗೆ ತಿಂಗಳಿಗೆ 60 ಕಟಿಂಗ್ ಕೊಡುತ್ತಿದ್ದೆ. ಬ್ಲೇಡು, ಕ್ರೀಮು, ಕುತ್ತಿಗೆಗೆ ಸುತ್ತುವ ಪೇಪರ್, ಇವೆಲ್ಲಾ ಸೇರಿ 10. ಕೈಗೆ 130 ಉಳಿಯುತ್ತಿತ್ತು. ಹಾಕಿದ ಬಂಡವಾಳ ಅಂದರೆ ನನ್ನ ಕತ್ತರಿ, ಟ್ರಿಮ್ಮರ್, ಬಾಚಣಿಗೆ ಅಷ್ಟೇ. ಕರೆಂಟು ಹೋದರೆ, ಗೀಸರ್ ಕೆಟ್ಟರೆ, ತಲೆನೋವು ಅಂಗಡಿಯವರದು. ನಿಜ ಹೇಳಬೇಕೆಂದರೆ ದುಡ್ಡಿನ ಲೆಕ್ಕದಲ್ಲಿ ಇದು ಕೆಟ್ಟದ್ದಲ್ಲ.

ಬೇಜಾರು ಬೇರೆ ಕಡೆ. ನಾನು ಮಧ್ಯಾಹ್ನ ಎರಡು ಗಂಟೆ ಬಾಗಿಲು ಹಾಕಿ ಮಲಗುವ ಆಸಾಮಿ. ಇನ್ನೊಬ್ಬರ ಅಂಗಡಿಯಲ್ಲಿ ಅದು ಆಗಲ್ಲ. ಗಿರಾಕಿಗಳ ಫೋನ್ ನಂಬರ್ ಬರೆಯುವ ಪುಸ್ತಕ ಕೌಂಟರ್ ಮೇಲಿರುತ್ತೆ, ಆದರೆ ಅದು ಅವರ ಪುಸ್ತಕ. ನಾಳೆ ನೀವು ಬೇರೆ ಕಡೆ ಹೋದರೆ ನಂಬರ್ ಅಲ್ಲೇ ಉಳಿಯುತ್ತೆ. ನನ್ನ ಕೈ ಇಷ್ಟಪಟ್ಟವರನ್ನು ಕೇಳಿ ಕೇಳಿ ನಂಬರ್ ನನ್ನ ಫೋನಿನಲ್ಲೂ ಹಾಕಿಕೊಳ್ಳುತ್ತಿದ್ದೆ. ಮುಂದೆ ಅದೇ ಅನ್ನ ಹಾಕಿತು.

ಇನ್ನು ಖಾಲಿ ಮಳಿಗೆ. ಕನಸಿನ ಅಂಗಡಿ ಅಂತಾರಲ್ಲ, ಅದು. ಒಟ್ಟು ಖರ್ಚು 2,400 ಕಟಿಂಗ್ ದಾಟಿತು, ಬಾಗಿಲು ತೆಗೆಯುವ ಮೊದಲೇ ಕಟ್ಟಿದ ಬಾಡಿಗೆಯೂ ಸೇರಿ. ಕುರ್ಚಿ, ಕನ್ನಡಿ, ದೀಪ, ಬೋರ್ಡು ಎಲ್ಲಾ ಅಂದುಕೊಂಡ ಅಂದಾಜಿನಲ್ಲೇ ಬಂತು. ನನ್ನ ಪ್ರಾಣ ತಿಂದದ್ದು ಒಂದೇ ಒಂದು, ತಲೆ ತೊಳೆಯುವ ಬೇಸಿನ್‌ನ ನೀರು ಹೊರಗೆ ಹೋಗುವ ಪೈಪು.

ಮಳಿಗೆಯ ಮೋರಿ ಸಂಪರ್ಕ ಇದ್ದದ್ದು ಎಡಗಡೆ ಮೂಲೆಯಲ್ಲಿ. ಬೇಸಿನ್ ಇಡಲು ಸರಿಯಾದ ಜಾಗ ಇದ್ದದ್ದು ಎದುರು ಬದಿಯಲ್ಲಿ, ಸುಮಾರು 24 ಅಡಿ ದೂರ. ನೀರು ತಾನಾಗಿ ಹರಿಯಬೇಕಾದರೆ ಪೈಪಿಗೆ ಅಡಿಗೆ ಕಾಲು ಇಂಚಿನಷ್ಟು ವಾಟ, ಅಂದರೆ ಇಳಿಜಾರು, ಬೇಕು. 24 ಅಡಿಗೆ 6 ಇಂಚು. ಮೇಲೆ ಪೈಪಿನದೇ ದಪ್ಪ ಬೇರೆ. ಗೋಡೆಗುಂಟ ಒಯ್ಯೋಣ ಅಂದರೆ ನಡುವೆ ಬಾಗಿಲು. ನೆಲ ಅಗೆಯೋಣ ಅಂದರೆ ಕೆಳಗಡೆ ಇನ್ನೊಬ್ಬರ ಗೋದಾಮು, ಕಟ್ಟಡದವರು ಸುತಾರಾಂ ಒಪ್ಪಲಿಲ್ಲ. ಉಳಿದದ್ದು ಒಂದೇ ದಾರಿ, ಅಂಗಡಿಯ ಹಿಂದಿನ ಅರ್ಧ ನೆಲವನ್ನೇ ಎತ್ತರಿಸಿ ಅದರ ಅಡಿಯಲ್ಲಿ ಪೈಪು ಹಾಯಿಸುವುದು.

ಗುತ್ತಿಗೆದಾರ ನನಗೆ ಒಂದು ಮಾತೂ ಹೇಳದೆ ಎತ್ತರ ಕಮ್ಮಿ ಮಾಡಿಬಿಟ್ಟ. ಮರದ ಚೌಕಟ್ಟು, ಪ್ಲೈವುಡ್ಡು ಉಳಿಯಿತಲ್ಲ ಅವನಿಗೆ. ಕೇಳಿದರೆ, "ನೀರು ತಾನೇ ಅಣ್ಣ, ಹೋಗುತ್ತೆ ಬಿಡಿ" ಅಂದ. ನೀರು ಹೋಗುತ್ತಿತ್ತು, ಕೂದಲು ಹೋಗುತ್ತಿರಲಿಲ್ಲ. ಕತ್ತರಿಸಿದ ತುಂಡು ಕೂದಲು, ಶಾಂಪೂ ನೊರೆ, ತಲೆಗೆ ಹಚ್ಚಿಕೊಂಡು ಬಂದ ಎಣ್ಣೆ, ವ್ಯಾಕ್ಸ್, ಎಲ್ಲಾ ಸೇರಿ ಒಳಗೆ ಕಪ್ಪು ಗಂಜಿಯ ಹಾಗೆ ಕೂತುಬಿಡುತ್ತೆ. ಮೊದಮೊದಲು ನೀರು ನಿಧಾನ ಇಳಿಯುತ್ತೆ. ಆಮೇಲೆ ಗುಳುಗುಳು ಸದ್ದು. ಆಮೇಲೆ ಗಿರಾಕಿ ಬೇಸಿನ್‌ನಲ್ಲಿ ತಲೆ ಇಟ್ಟು ಮಲಗಿರುವಾಗಲೇ ಕೊಳೆ ನೀರು ಕಿವಿವರೆಗೆ ಬರುತ್ತೆ. ಅವರಿಗೆ ಏನಂತ ಹೇಳುವುದು?

ಪೈಪು ತಿರುಗುವ ಕಡೆಯೆಲ್ಲಾ ಒಮ್ಮೆಗೇ 90 ಡಿಗ್ರಿ ತಿರುಗುವ ಎಲ್ಬೋ ಹಾಕಿದ್ದರು. ಅಲ್ಲೇ ಕಟ್ಟಿಕೊಳ್ಳುತ್ತಿತ್ತು. ಅಂಥ ಒಂದು ಪೂರ್ತಿ ತಿರುವಿನ ಬದಲು ಎರಡು ಅರ್ಧ ತಿರುವು ಕೊಟ್ಟರೆ ಕೂದಲು ಜಾರಿಕೊಂಡು ಹೋಗುತ್ತೆ, ಬಾಯಿಯಲ್ಲಿ ಜಾಲರಿ ಡಬ್ಬಿ ಇಟ್ಟರೆ ಅರ್ಧ ಕೂದಲು ಪೈಪಿಗೇ ಇಳಿಯಲ್ಲ. ಇದನ್ನು ಎರಡನೇ ಸಲ ಬಂದ ಪ್ಲಂಬರ್ ತೋರಿಸಿಕೊಟ್ಟರು. ಟೈಲ್ಸ್ ಒಡೆದು, ಪ್ಲೈವುಡ್ ಕಿತ್ತು, ವಾಟ ಸರಿಮಾಡಿ, ಮತ್ತೆ ಟೈಲ್ಸ್. ಅಷ್ಟು ದಿನವೂ ಅಂಗಡಿ ಬಂದ್, ಬಾಡಿಗೆ ಮಾತ್ರ ಓಡುತ್ತಲೇ ಇತ್ತು.

ಎತ್ತರ ಸರಿ ಆಯಿತು ಅನ್ನುವಷ್ಟರಲ್ಲಿ ಮೆಟ್ಟಿಲಿನ ಕಾಟ ಶುರು. ಹಿಂದಿನ ಕುರ್ಚಿಗೆ ಹೋಗಲು ಎಲ್ಲರೂ ಒಂದು ದೊಡ್ಡ ಹೆಜ್ಜೆ ಹತ್ತಬೇಕು. ವಯಸ್ಸಾದ ಯಜಮಾನರೊಬ್ಬರು ಎಡವಿ, ಕನ್ನಡಿಯ ಅಂಚು ಹಿಡಿದು ನಿಂತು, "ಏನಪ್ಪಾ, ಕಟಿಂಗ್ ಮಾಡಿಸ್ಕೊಳ್ಳೋಕೆ ಮಹಡಿ ಹತ್ತಬೇಕಾ?" ಅಂದರು. ಅವರಿಗೆ ಮುಂದಿನ ಕುರ್ಚಿಯೇ ಖಾಯಂ ಆಯಿತು. ಇನ್ನೊಂದು ತೊಂದರೆ, ಅಡಿಯಲ್ಲಿ ಟೊಳ್ಳು ಇರುವುದರಿಂದ ಪಕ್ಕದಲ್ಲಿ ಯಾರಾದರೂ ನಡೆದರೆ ಕುರ್ಚಿ ಸಣ್ಣಗೆ ನಡುಗುತ್ತಿತ್ತು. ಗಂಟಲ ಹತ್ತಿರ ಕತ್ತಿ ಇದ್ದಾಗ ನಾನು ಉಸಿರು ಹಿಡಿದೇ ಕೆಲಸ ಮಾಡುತ್ತಿದ್ದೆ.

ನೆಲ, ಪೈಪು, ಟೈಲ್ಸ್, ಇಷ್ಟಕ್ಕೇ 800 ಕಟಿಂಗ್ ಹೋಯಿತು. ಕರಾರು ಮುಗಿದು, ಕಟ್ಟಡದವರು ತಮಗೇ ಜಾಗ ಬೇಕು ಅಂದಾಗ ಕುರ್ಚಿ, ಕನ್ನಡಿ ಬಿಚ್ಚಿಕೊಂಡು ಬಂದೆ. ನೆಲದಡಿಯ ಪೈಪನ್ನು ಹೊತ್ತು ತರೋಕಾಗುತ್ತಾ? ಆ 800 ಕಟಿಂಗ್ ಅವರ ಕಟ್ಟಡಕ್ಕೆ ನಾನು ಮಾಡಿಸಿದ ಒಡವೆ.

ತಿಂಗಳ ಲೆಕ್ಕ ಹೀಗಿತ್ತು. ಬಾಡಿಗೆ 80, ಕರೆಂಟು ನೀರು 15, ಸಾಮಾನು 10, ಟವೆಲ್ ಒಗೆಯುವುದು ಇತ್ಯಾದಿ 5. ಒಟ್ಟು 110. ಹಾಕಿದ 2,400ನ್ನು 5 ವರ್ಷಕ್ಕೆ ಹಂಚಿದರೆ ತಿಂಗಳಿಗೆ 40. ನಾನೊಬ್ಬನೇ 200 ಮಾಡಿದರೆ ಉಳಿಯುವುದು 50. ಗಮನಿಸಿ, ಬಾಡಿಗೆ ಕುರ್ಚಿಯಲ್ಲಿ 130 ಉಳಿಯುತ್ತಿತ್ತು! ಸ್ವಂತ ಅಂಗಡಿ, ಬೋರ್ಡಿನ ಮೇಲೆ ಸ್ವಂತ ಹೆಸರು, ಉಳಿಕೆ ಅರ್ಧಕ್ಕಿಂತ ಕಮ್ಮಿ. ಕರಾರು ಮೂರೇ ವರ್ಷದ್ದಾದರೆ 5 ವರ್ಷಕ್ಕೆ ಹಂಚುವುದು ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ. ಆಗ ತಿಂಗಳಿಗೆ 67, ಕೈಗೆ 23.

ಹಳೇ ಅಂಗಡಿಗೆ ಸಾಮಾನು, ಪೈಪು, ಗೀಸರ್ ಸೇರಿ ನಾನು ಕೊಟ್ಟಿದ್ದು 900 ಕಟಿಂಗ್. ಬಾಡಿಗೆ, ಖರ್ಚು ಹೆಚ್ಚುಕಮ್ಮಿ ಅದೇ 110. ಬಂಡವಾಳ 5 ವರ್ಷಕ್ಕೆ ಹಂಚಿದರೆ ತಿಂಗಳಿಗೆ 15. ಒಬ್ಬನೇ ದುಡಿದರೂ 75 ಉಳಿಯುತ್ತೆ. ಸುಣ್ಣ ಬಣ್ಣ ಮಾಡಿಸಿ, ಬೋರ್ಡು ಬದಲಿಸಿ ಬಾಗಿಲು ತೆರೆದರೆ ಅವತ್ತಿನಿಂದಲೇ ಗಲ್ಲಾಪೆಟ್ಟಿಗೆಗೆ ದುಡ್ಡು.

ಕೊಡುವವರು ಗಿರಾಕಿಗಳಿಗೂ ಬೆಲೆ ಕಟ್ಟಿದರು. "ಇಷ್ಟು ವರ್ಷದ ಜನ, ಎಲ್ಲಾ ನಿಮಗೇ" ಅಂದರು. ಅದಕ್ಕೆ ಒಂದು ಕಟಿಂಗ್ ಕೂಡ ಕೊಡಲ್ಲ ಅಂದೆ. ಗಿರಾಕಿ ಹೋಗುವುದು ಕೈ ಹಿಂದೆ, ಕುರ್ಚಿ ಹಿಂದೆ ಅಲ್ಲ. ಅವರು ಹತ್ತಿರದಲ್ಲೇ ಇನ್ನೊಂದು ಅಂಗಡಿ ತೆರೆಯಲ್ಲ ಅಂತ ಕಾಗದದಲ್ಲಿ ಬರೆಸಿಕೊಂಡೆ, ಅಷ್ಟು ಸಾಕು. ಆದರೂ ರೂಢಿ ಅನ್ನುವುದಿದೆ ನೋಡಿ. ಬಾಗಿಲಲ್ಲಿ ತಲೆ ಹಾಕಿ "ಅವರಿಲ್ವಾ?" ಅಂತ ಕೇಳಿದವರಲ್ಲಿ ಕೆಲವರು ಹಾಗೇ ಹೋದರು. ಕೆಲವರು ಒಂದು ಕ್ಷಣ ಯೋಚಿಸಿ, "ಸರಿ, ನೀವೇ ಮಾಡಿ" ಅಂತ ಕೂತರು. ಹೊಸ ಮಳಿಗೆಯಲ್ಲಿ ಹೀಗೆ ತಲೆ ಹಾಕುವವರೇ ಇರಲಿಲ್ಲ.

ವಹಿಸಿಕೊಳ್ಳುವ ಮುಂಚೆ ನಾನು ನೋಡಿದ್ದು ಮೂರು. ಬೇಸಿನ್‌ಗೆ ಎರಡು ಬಕೆಟ್ ನೀರು ಒಟ್ಟಿಗೇ ಸುರಿದು ಸದ್ದು ಕೇಳಿಸಿಕೊಂಡೆ. ಹೈಡ್ರಾಲಿಕ್ ಕುರ್ಚಿಯನ್ನು ಪೂರ್ತಿ ಮೇಲೆತ್ತಿ, ಅದರ ಮೇಲೆ ಕೂತು, ಹರಟೆ ಹೊಡೆಯುತ್ತಾ ಕಾದೆ. ಒಂದು ಕುರ್ಚಿ ಮೆಲ್ಲಗೆ ಕೆಳಗಿಳಿಯಿತು, ಬುಡದಲ್ಲಿ ಎಣ್ಣೆಯ ಉಂಗುರ ಕಾಣಿಸಿತು. ಪಂಪಿನ ಸೀಲ್ ಹೋಗಿದೆ ಅಂತ ಅರ್ಥ, ಅಷ್ಟು ಬೆಲೆ ಇಳಿಸಿಕೊಂಡೆ. ಮೂರನೆಯದು ಕರೆಂಟು. ಹೇರ್ ಡ್ರೈಯರ್ ಒಂದೇ 2,000 ವ್ಯಾಟ್‌ವರೆಗೆ ಎಳೆಯುತ್ತೆ, ಜೊತೆಗೆ ಗೀಸರ್ ಹಾಕಿದರೆ ಫ್ಯೂಸ್ ಹಾರಬಾರದು.

ಮೂರು ಬಗೆಯ ಅಂಗಡಿಯಲ್ಲೂ ಒಂದೇ ಆಗಿರುವ ಖರ್ಚೂ ಒಂದಿದೆ. ಬಾರ್ಬಿಸೈಡ್‌ನಂಥ, ಕ್ರಿಮಿ ಕೊಲ್ಲುವ ನೀಲಿ ದ್ರಾವಣದಲ್ಲಿ ಬಾಚಣಿಗೆ, ಕತ್ತರಿ 10 ನಿಮಿಷ ಮುಳುಗಿರಬೇಕು. ಸುಮ್ನೆ ಅದ್ದಿ ತೆಗೆದರೆ ತೋರಿಕೆಗೆ ಅಷ್ಟೇ. ಹಾಗಾಗಿ ಕುರ್ಚಿಗೆ ಎರಡು ಮೂರು ಸೆಟ್ ಬೇಕೇ ಬೇಕು.

ಅಂದರೆ ಒಬ್ಬನೇ ದುಡಿಯುವವನಿಗೆ ಹಳೇ ಅಂಗಡಿಯೂ ಬಾಡಿಗೆ ಕುರ್ಚಿಗೆ ಸಮ ಅಲ್ಲ ಅಲ್ವಾ? ನಿಜ. ಅಂಗಡಿಯ ಲಾಭ ಇರುವುದು ಎರಡನೇ ಕುರ್ಚಿಯಲ್ಲಿ. ನಾನು ಆ ಕುರ್ಚಿಯವರಿಗೆ ಅರ್ಧಕ್ಕೆ ಅರ್ಧ ಕೊಡುತ್ತೇನೆ. 200 ಕಟಿಂಗ್‌ನಲ್ಲಿ 100 ಅವರಿಗೆ, 10 ಸಾಮಾನಿಗೆ, 90 ಅಂಗಡಿಗೆ. ಹಳೇ ಅಂಗಡಿಯಲ್ಲಿ 75ಕ್ಕೆ 90 ಸೇರಿ 165. ಹೊಸ ಮಳಿಗೆಯಲ್ಲಿ ಇದೇ ಲೆಕ್ಕ 140ಕ್ಕೆ ನಿಲ್ಲುತ್ತಿತ್ತು, ಅಷ್ಟೆಲ್ಲಾ ಒದ್ದಾಡಿ ಬಾಡಿಗೆ ಕುರ್ಚಿಗಿಂತ 10 ಜಾಸ್ತಿ. ಸಂಬಳ ಗೊತ್ತುಮಾಡಿದರೆ ಖಾಲಿ ಕೂತ ದಿನವೂ ನಾವೇ ಕೊಡಬೇಕು. ಪಾಲಿನಲ್ಲಿ ಆ ಭಯ ಇಲ್ಲ. ಆದರೆ ಆ ಹುಡುಗ ಬಿಟ್ಟುಹೋದರೆ ಅವನ ಗಿರಾಕಿಗಳೂ ಹೋಗುತ್ತಾರೆ, ನಾನು ಹಿಂದೆ ಹೋದ ಹಾಗೇ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ದೊಡ್ಡ ಬ್ರಾಂಡಿನ ಫ್ರಾಂಚೈಸಿ ಬಗ್ಗೆ ಕೇಳುವವರಿಗೆ ಒಂದೇ ಮಾತು. ಮೊದಲೇ ದೊಡ್ಡ ಫೀಸು, ಆಮೇಲೆ ಪ್ರತಿ ತಿಂಗಳು ವ್ಯಾಪಾರದ ಮೇಲೆ ಪಾಲು, ಲಾಭದ ಮೇಲಲ್ಲ. ನಾನು ವಿಚಾರಿಸಿ ಎದ್ದು ಬಂದೆ.

ನನಗೆ ಸಾಲ ಅಂದರೆ ನಿದ್ದೆ ಬರಲ್ಲ, ಬಣ್ಣ ಹಾಕುವುದು, ಸ್ಟ್ರೈಟನಿಂಗ್ ಮಾಡುವುದು ಬೇಕಿಲ್ಲ, ಮಧ್ಯಾಹ್ನದ ನಿದ್ದೆ ಬೇಕು. ಅದಕ್ಕೇ ಎರಡು ಕುರ್ಚಿಯ ಹಳೇ ಅಂಗಡಿ. ಬಣ್ಣದ ಕೆಲಸವೇ ನಿಮ್ಮ ಮುಖ್ಯ ವ್ಯಾಪಾರವಾದರೆ ಬೇಸಿನ್ ಜಾಸ್ತಿ ಬೇಕು, ಹಳೇ ಅಂಗಡಿಯ ಪೈಪು ಸಾಲದೆ ಬರಬಹುದು. ಆಗ ಖಾಲಿ ಮಳಿಗೆ ನೋಡಿ, ಆದರೆ ಮೋರಿ ಪಕ್ಕದಲ್ಲೇ ಇರುವ ಮಳಿಗೆ. ಖಾಯಂ ಮುಖಗಳು ಇನ್ನೂ ನೂರು ದಾಟಿಲ್ಲದವರು, ಜೊತೆಗೆ ದುಡಿಯಲು ನಂಬಿಕೆಯ ಕೈ ಸಿಗದವರು, ಸದ್ಯಕ್ಕೆ ಬಾಡಿಗೆ ಕುರ್ಚಿಯಲ್ಲೇ ಇರಿ. ಗಿರಾಕಿಗಳ ನಂಬರ್ ಮಾತ್ರ ಅವರನ್ನು ಕೇಳಿ ನಿಮ್ಮ ಫೋನಿನಲ್ಲೂ ಬರೆದಿಟ್ಟುಕೊಳ್ಳಿ.